ಬೆಳಗು ಶಿಬಿರಕ್ಕೆ, ಮಧ್ಯಾಹ್ನ ಮಕ್ಕಳಿಗೆ

ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಬೇಸಿಗೆ ರಜೆ ಸಾಮಾನ್ಯವಾಗಿ ಏಪ್ರಿಲ್ 11ರ ಆಸುಪಾಸಿನಲ್ಲಿ ಶುರುವಾಗಿ ಮೇ 28ರ ಹೊತ್ತಿಗೆ ಮುಗಿಯುತ್ತದೆ. ಹೆಚ್ಚು ಕಡಿಮೆ 48 ದಿನ. ಮಗು ದಿನಕ್ಕೆ ಹತ್ತು ಗಂಟೆ ಮಲಗಿದರೆ ಎಚ್ಚರವಿರುವ ಹೊತ್ತು 14 ಗಂಟೆ, ರಜೆಯಿಡೀ ಸೇರಿ 672 ಗಂಟೆ. ಎರಡು ವಾರದ ಶಿಬಿರ, ವಾರಕ್ಕೆ ಆರು ದಿನ, ದಿನಕ್ಕೆ ಮೂರು ಗಂಟೆ ಅಂದರೆ 36 ಗಂಟೆ. ಶಿಬಿರ ನಡೆಯುವ ಜಾಗ ಮುಕ್ಕಾಲು ಗಂಟೆ ದೂರವಿದ್ದರೆ ಹೋಗಿಬರುವುದಕ್ಕೇ ಇನ್ನೂ 18 ಗಂಟೆ. ಎಲ್ಲ ಕೂಡಿದರೂ 54. ಹಾಗಾದರೆ ರಜೆಯ ಬಹುಪಾಲು ಮಗುವಿಗೇ ಉಳಿಯಿತಲ್ಲ, ಇನ್ನೇನು ಚಿಂತೆ ಎನಿಸಬಹುದು.

ಚಿಂತೆ ಇರುವುದು ಒಟ್ಟು ಗಂಟೆಯದಲ್ಲ, ಆ ಗಂಟೆಗಳು ತುಂಡುತುಂಡಾಗುವುದರದು. ಬೆಳಿಗ್ಗೆ ಆರೂವರೆಗೆ ಈಜು, ಹತ್ತರಿಂದ ಒಂದರವರೆಗೆ ಶಿಬಿರ, ನಾಲ್ಕಕ್ಕೆ ಅಬ್ಯಾಕಸ್, ಆರಕ್ಕೆ ಸ್ಕೇಟಿಂಗ್. ಇಂಥ ದಿನದಲ್ಲೂ ಬಿಡುವಿನ ಹೊತ್ತು ಲೆಕ್ಕಕ್ಕೆ ಐದಾರು ಗಂಟೆ ಸಿಗುತ್ತದೆ. ಆದರೆ ಅದು ಮುಕ್ಕಾಲು ಗಂಟೆ, ಒಂದು ಗಂಟೆಯ ತುಣುಕುಗಳಲ್ಲಿ ಹಂಚಿಹೋಗಿರುತ್ತದೆ. ಮಕ್ಕಳು ಲಗೋರಿ ಆಡುವುದನ್ನು ಮಹಡಿಯಿಂದ ಗಮನಿಸಿ ನೋಡಿ. ಏಳು ಚಪ್ಪಟೆ ಕಲ್ಲು ಹುಡುಕಬೇಕು, ಚೆಂಡು ಯಾರ ಮನೆಯಲ್ಲಿದೆ ಎಂದು ಓಡಬೇಕು, ಗುಂಪು ಮಾಡಬೇಕು, ಚಿಕ್ಕವನು ಯಾವ ಕಡೆಗೆ ಎಂದು ಜಗಳವಾಡಬೇಕು, ಗೆರೆ ಎಲ್ಲಿ ಎಂದು ತೀರ್ಮಾನವಾಗಬೇಕು. ಆಟ ಕಾವೇರುವ ಹೊತ್ತಿಗೆ ಅರ್ಧ ಗಂಟೆ ದಾಟಿರುತ್ತದೆ. ಅಷ್ಟರಲ್ಲಿ ಇಬ್ಬರಿಗೆ ಕ್ಲಾಸಿನ ಕರೆ ಬಂದರೆ ಗುಂಪೇ ಒಡೆಯುತ್ತದೆ. ನಾಲ್ಕು ಸಲ ಹೀಗಾದರೆ ಐದನೇ ಸಲ ಮಕ್ಕಳು ಕಲ್ಲು ಹುಡುಕುವುದಿಲ್ಲ, ಮೊಬೈಲ್ ಹಿಡಿದು ಕೂರುತ್ತಾರೆ. ತುಣುಕು ಹೊತ್ತಿಗೆ ಒಗ್ಗುವುದು ಅದೊಂದೇ.

ಹಾಗಾಗಿ ನನ್ನ ಸಲಹೆ ಇಷ್ಟು. ಕಲಿಸುವುದೆಲ್ಲ ಮಧ್ಯಾಹ್ನ ಹನ್ನೆರಡರೊಳಗೆ ಮುಗಿಯಲಿ, ಅಲ್ಲಿಂದ ಕತ್ತಲಾಗುವವರೆಗೆ ಏನನ್ನೂ ಗೊತ್ತುಮಾಡಬೇಡಿ. ಒಂದು ರಜೆಗೆ ಒಂದೇ ಶಿಬಿರ, ಎರಡು ಅಥವಾ ಮೂರು ವಾರದ್ದು. ಅದೂ ರಜೆ ಶುರುವಾದ ಮರುದಿನವೇ ಬೇಡ, ಏಪ್ರಿಲ್ ಕೊನೆಯ ವಾರದಿಂದಾಚೆಗೆ ಇರಲಿ. ಪರೀಕ್ಷೆ ಮುಗಿಸಿದ ಮಗುವಿಗೆ ಮೊದಲ ವಾರ ತಡವಾಗಿ ಏಳುವುದೇ ದೊಡ್ಡ ಕೆಲಸ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಸಾಧಾರಣ ಶಿಬಿರವಿದ್ದರೂ ಸರಿ, ಊರಾಚೆಯ ಹೆಸರುವಾಸಿ ಶಿಬಿರಕ್ಕಿಂತ ಅದೇ ಮೇಲು. ಅಲ್ಲಿ ಸಿಕ್ಕ ಗೆಳೆಯರು ಸಂಜೆಯೂ ಸಿಗುತ್ತಾರೆ.

ಶಿಬಿರ ಆರಿಸುವಾಗ ಕರಪತ್ರದ ಬಣ್ಣ ನೋಡಬೇಡಿ, ಒಂದು ದಿನದ ವೇಳಾಪಟ್ಟಿ ಕೇಳಿ. ನಲವತ್ತು ನಿಮಿಷಕ್ಕೊಂದರಂತೆ ಚಿತ್ರಕಲೆ, ಮುಖವಾಡ, ಜುಂಬಾ, ಮ್ಯಾಜಿಕ್, ಮಣ್ಣಿನ ಕೆಲಸ ಎಂದು ತುಂಬಿದ್ದರೆ ಅಲ್ಲಿ ಯಾವುದೂ ಮುಗಿಯುವುದಿಲ್ಲ. ಮಣ್ಣಿನ ಕೆಲಸವನ್ನೇ ತೆಗೆದುಕೊಳ್ಳಿ. ಮಣ್ಣನ್ನು ಚೆನ್ನಾಗಿ ನಾದಿ ಒಳಗಿನ ಗಾಳಿ ತೆಗೆಯಬೇಕು, ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರಬೇಕು, ಆನೆಯ ಸೊಂಡಿಲನ್ನೋ ಬಟ್ಟಲಿನ ಹಿಡಿಯನ್ನೋ ಅಂಟಿಸುವಾಗ ಎರಡೂ ಕಡೆ ಗೀರಿ ನೀರುಮಣ್ಣು ಸವರಬೇಕು. ಆಮೇಲೆ ನೆರಳಲ್ಲಿ ನಾಲ್ಕೈದು ದಿನ ಒಣಗಬೇಕು. ಒಂದೇ ದಿನದ ಕ್ಲಾಸಾದರೆ ಮಗು ಹಸಿ ಆನೆಯನ್ನು ಮನೆಗೆ ತರುತ್ತದೆ, ಬಿಸಿಲಿಗಿಡುತ್ತದೆ, ಮೇಲ್ಮೈ ಬೇಗ ಒಣಗಿ ಕುಗ್ಗಿ ಸಂಜೆಯೊಳಗೆ ಸೊಂಡಿಲು ಬಿರುಕು ಬಿಟ್ಟು ಕಳಚುತ್ತದೆ. ತನ್ನ ಕೈ ಸರಿಯಿಲ್ಲ ಎಂದು ಮಗು ತಿಳಿಯುತ್ತದೆ. ಸರಿಯಿಲ್ಲದ್ದು ವೇಳಾಪಟ್ಟಿ. ಎರಡು ವಾರಕ್ಕೆ ಎರಡೋ ಮೂರೋ ಕೆಲಸ ಹಿಡಿದು ಕೊನೆ ಮುಟ್ಟಿಸುವ ಶಿಬಿರವೇ ಒಳ್ಳೆಯದು.

ರಂಗ ಶಿಬಿರಗಳಲ್ಲಿ ಕೇಳಬೇಕಾದದ್ದು ಬೇರೆ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂತೆ ವಾರಗಟ್ಟಲೆ ನಡೆಯುವ ಶಿಬಿರದಲ್ಲಿ ಹಾಡು, ಆಟ, ಕಥೆ ಎಲ್ಲಕ್ಕೂ ಜಾಗವಿರುತ್ತದೆ. ಹತ್ತು ದಿನದ ಶಿಬಿರದಲ್ಲಿ ಕೊನೆಗೆ ನಾಟಕ ಪ್ರದರ್ಶನ ಇಟ್ಟುಕೊಂಡರೆ ಅರ್ಧ ದಿನಗಳು ತಾಲೀಮಿಗೇ ಹೋಗುತ್ತವೆ. ಒಂದು ಮಾತಿನ ಪಾತ್ರ ಸಿಕ್ಕ ಮಗು ಮೂಲೆಯಲ್ಲಿ ಕೂತು ಕಾಯುತ್ತದೆ. ತಾಲೀಮಿನ ಹೊತ್ತಲ್ಲಿ ಉಳಿದ ಮಕ್ಕಳು ಏನು ಮಾಡುತ್ತಾರೆ ಎಂದು ನೇರವಾಗಿ ಕೇಳಿ. ಉತ್ತರ ಕೊಡುವವರು ತಡವರಿಸಿದರೆ ನಿಮಗೆ ಗೊತ್ತಾಗುತ್ತದೆ.

ದುಡ್ಡು ಕೊಡಲಾಗದವರಿಗೂ ದಾರಿಗಳಿವೆ. ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕಿನೊಳಗೆ ಮಕ್ಕಳ ಆಟಪಾಠಕ್ಕೆಂದೇ ಇರುವ ಜವಾಹರ್ ಬಾಲ ಭವನವಿದೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಹಲವು ಕಡೆ ರಜೆಯಲ್ಲಿ ಉಚಿತ ಶಿಬಿರವನ್ನೂ ನಡೆಸುತ್ತವೆ. ನಿಮ್ಮೂರಲ್ಲಿ ಇಲ್ಲದಿದ್ದರೆ ಏಪ್ರಿಲ್‌ಗೆ ಮೊದಲೇ ಪಂಚಾಯತಿಯಲ್ಲಿ ವಿಚಾರಿಸಿ.

ಜಾಗವನ್ನು ಕಣ್ಣಾರೆ ನೋಡದೆ ಹಣ ಕಟ್ಟಬೇಡಿ. ಶೌಚಾಲಯಕ್ಕೆ ಒಳಗಿನ ಚಿಲಕ ಇದೆಯೇ, ಮಗುವಿನ ಕೈಗೆ ಎಟಕುತ್ತದೆಯೇ, ನೀರು ಬರುತ್ತದೆಯೇ ಎಂದು ಒಳಗೆ ಹೋಗಿ ನೋಡಿ. ಹೆಣ್ಣುಮಕ್ಕಳು ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ನೀರೇ ಕುಡಿಯದೆ ಕೂರುವುದು ಏಪ್ರಿಲ್ ಬಿಸಿಲಲ್ಲಿ ಸಣ್ಣ ಸಂಗತಿಯಲ್ಲ. ಆರೇಳು ವರ್ಷದ ಮಕ್ಕಳಿಗೆ ಎಂಟು ಮಂದಿಗೊಬ್ಬರು, ದೊಡ್ಡವರಿಗೆ ಹದಿನೈದಕ್ಕೊಬ್ಬರಾದರೂ ಹಿರಿಯರು ಬೇಕು. ಮಗುವನ್ನು ಯಾರ ಕೈಗೆ ಒಪ್ಪಿಸಿ ಕಳಿಸುತ್ತಾರೆ, ಅದನ್ನು ಬರೆದಿಟ್ಟುಕೊಳ್ಳುತ್ತಾರೆಯೇ ಎಂದೂ ಕೇಳಿ. ಮಕ್ಕಳ ಸಹಾಯವಾಣಿ 1098 ಅನ್ನು ಮಗುವಿಗೂ ಬಾಯಿಪಾಠ ಮಾಡಿಸಿ.

ಹೊತ್ತಿನ ವಿಷಯದಲ್ಲಿ ಉತ್ತರ ಕರ್ನಾಟಕದವರು ಇನ್ನೂ ಬಿಗಿಯಾಗಿರಬೇಕು. ಕಲಬುರಗಿ, ರಾಯಚೂರಿನ ಕಡೆ ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ. ಅಲ್ಲಿ ಮಕ್ಕಳ ಶಿಬಿರ ಏಳೂವರೆಗೆ ಶುರುವಾಗಿ ಹತ್ತೂವರೆಗೆ ಮುಗಿಯಬೇಕು. ಹೊರಡುವ ಮುಂಚೆ ಒಂದು ಲೋಟ ನೀರುಮಜ್ಜಿಗೆ ಉಪ್ಪು ಹಾಕಿ ಕುಡಿಸಿ, ಬಂದ ಮೇಲೆ ಮತ್ತೊಂದು.

ಈಜು ಮಾತ್ರ ನನ್ನ ಲೆಕ್ಕದಲ್ಲಿ ಬೇರೆಯೇ ಸಾಲಿಗೆ ಸೇರುತ್ತದೆ. ಅದು ಜೀವ ಕಾಯುವ ವಿದ್ಯೆ. ಬೆಳಗಿನ ಒಂದು ಗಂಟೆ, ಮೂರು ವಾರ ಕೊಡಬಹುದು. ಆದರೆ ಮೂರು ವಾರದಲ್ಲಿ ಕೊಳದ ಈಜು ಕಲಿತ ಮಗು ಕೆರೆ ಬಾವಿಗೆ ಇಳಿಯುವಷ್ಟು ಈಜುಗಾರನಲ್ಲ, ಇದನ್ನು ಮಗುವಿಗೆ ಮುಖಕ್ಕೆ ಹೊಡೆದಂತೆ ಹೇಳಬೇಕು. ಅಜ್ಜಿ ಮನೆಗೆ ಕಳಿಸುವವರು ಕೃಷಿ ಹೊಂಡದ ಬಗ್ಗೆ ತಿಳಿದಿರಲೇಬೇಕು. ನೀರು ಇಂಗದಿರಲೆಂದು ಹೊಂಡದ ಇಳಿಜಾರಿಗೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಒದ್ದೆಯಾದ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಕಾಲಿಗಾಗಲಿ ಕೈಗಾಗಲಿ ಹಿಡಿತ ಸಿಗುವುದಿಲ್ಲ. ಈಜು ಬಲ್ಲ ದೊಡ್ಡವರೂ ದಡ ಮುಟ್ಟಿ ಮತ್ತೆ ಮತ್ತೆ ಜಾರಿ ಸೋತುಹೋಗುತ್ತಾರೆ. ಎತ್ತಲು ಹೋದವರೂ ಒಳಗೇ ಸಿಕ್ಕಿಕೊಳ್ಳುವುದು ಇದೇ ಕಾರಣಕ್ಕೆ. ಸುತ್ತ ತಂತಿಬೇಲಿ ಇರಬೇಕು. ಮೇಲೆ ಗಟ್ಟಿ ಗೂಟ ನೆಟ್ಟು, ಅಡಿಗೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ನೀರಿನವರೆಗೆ ಇಳಿಬಿಟ್ಟಿರಬೇಕು. ಊರಿಗೆ ಹೋದ ದಿನವೇ ಮಕ್ಕಳನ್ನು ಕರೆದೊಯ್ದು, ದೂರದಿಂದಲೇ ಹೊಂಡ ತೋರಿಸಿ, ಯಾರಾದರೂ ಬಿದ್ದರೆ ಇಳಿಯಬಾರದು, ಹಗ್ಗ ಎಸೆದು ಕೂಗಬೇಕು ಎಂದು ಹೇಳಿಕೊಡಿ.

ಇನ್ನು ಆ ಖಾಲಿ ಮಧ್ಯಾಹ್ನ. ಎರಡನೇ ಮೂರನೇ ದಿನಕ್ಕೇ "ಅಮ್ಮಾ, ಬೇಜಾರು" ಎನ್ನುವ ರಾಗ ಶುರುವಾಗುತ್ತದೆ. ಆಗ ಮೊಬೈಲ್ ಕೊಟ್ಟರೆ ಬೇಜಾರು ಅಲ್ಲಿಗೇ ನಿಂತುಹೋಗುತ್ತದೆ, ಅದರಾಚೆ ಹುಟ್ಟಬೇಕಾದ ಆಟವೂ. "ಸರಿ, ಬೇಜಾರಲ್ಲೇ ಇರು, ನಾನು ಇಲ್ಲೇ ಇದ್ದೀನಿ" ಎಂದು ಹೇಳಿ ನಿಮ್ಮ ಕೆಲಸ ಮುಂದುವರಿಸಿ. ಸಂಜೆ ದೀಪ ಹಚ್ಚಿದ ಮೇಲೆ ಮೊಬೈಲಿಗೆ ಅರ್ಧ ಗಂಟೆ ಎಂದು ಗೊತ್ತುಮಾಡಿ, ಮನೆಯ ದೊಡ್ಡವರೂ ಹಗಲು ಅದನ್ನು ಪಕ್ಕಕ್ಕಿಡಿ.

ಆದರೆ ಬರಿಗೈಯಲ್ಲಿ ಬಿಟ್ಟರೆ ಸಾಲದು, ಕೈಗೆ ಸಾಮಾನು ಸಿಗಬೇಕು. ಒಂದು ದೊಡ್ಡ ರಟ್ಟಿನ ಡಬ್ಬದಲ್ಲಿ ಎರಡು ಹಳೆ ಸೀರೆ, ಐದು ಮೀಟರ್ ದಪ್ಪ ಹಗ್ಗ, ಬಟ್ಟೆ ಕ್ಲಿಪ್ಪುಗಳು, ಸೀಮೆಸುಣ್ಣ, ಹಳೆ ಪತ್ರಿಕೆ, ಒಂದು ಹಿಡಿ ಹುಣಸೆಬೀಜ ಹಾಕಿಡಿ. ಏನು ಮಾಡಬೇಕೆಂದು ಹೇಳಬೇಡಿ. ಸೀರೆ ಮಂಚಕ್ಕೆ ಕಟ್ಟಿ ಮನೆಯಾಗುತ್ತದೆ, ಆಸ್ಪತ್ರೆಯಾಗುತ್ತದೆ. ಹಗ್ಗ ಕುತ್ತಿಗೆಗೆ ಹಾಕಬಾರದು ಎಂಬ ಒಂದು ನಿಯಮ ಸಾಕು. ಚೌಕಾಬಾರ ಬರದಿದ್ದರೆ ಒಮ್ಮೆ ಕಲಿಸಿಕೊಡಿ. ಐದು ಅಡ್ಡ ಐದು ಉದ್ದ ಮನೆಗಳು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆಯಿಲ್ಲದಿದ್ದರೆ ನಾಲ್ಕು ಹುಣಸೆಬೀಜವನ್ನು ಒರಟು ಕಲ್ಲಿನ ಮೇಲೆ ಒಂದು ಮಗ್ಗುಲು ಬೆಳ್ಳಗಾಗುವವರೆಗೆ ಉಜ್ಜಬೇಕು. ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪು ಬಿದ್ದರೆ ಎಂಟು. ಬೀಜ ಉಜ್ಜುವುದೇ ಒಂದು ಮಧ್ಯಾಹ್ನದ ಕೆಲಸ, ಬೆರಳು ಬಿಸಿಯಾಗುತ್ತದೆ, ಯಾರದ್ದು ನುಣುಪು ಎಂದು ಪೈಪೋಟಿ ನಡೆಯುತ್ತದೆ. ಜಗಳವಾದರೆ ಹೊಡೆದಾಟಕ್ಕೆ ಹೋಗುವವರೆಗೆ ನಡುವೆ ಬರಬೇಡಿ.

ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇದೆಲ್ಲ ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ನಾಲ್ಕೈದು ಮನೆಯವರು ಸೇರಿ ಸರದಿ ಹಾಕಿಕೊಳ್ಳುವುದು ನಾನು ಕಂಡ ಉತ್ತಮ ದಾರಿ. ವಾರಕ್ಕೊಂದು ಮಧ್ಯಾಹ್ನ ಒಂದು ಮನೆಯ ಹಿರಿಯರೊಬ್ಬರು ಇದ್ದರಾಯಿತು, ಕೂಗಿದರೆ ಕೇಳುವಷ್ಟು ಹತ್ತಿರ. ಆಡಿಸಬೇಕಿಲ್ಲ. ಅಜ್ಜ ಅಜ್ಜಿಯ ಬಳಿ ಕಳಿಸುವುದಾದರೆ ಹತ್ತು ಹನ್ನೆರಡು ದಿನ ಸಾಕು. ಎಪ್ಪತ್ತು ದಾಟಿದವರ ಮೇಲೆ ತಿಂಗಳುಗಟ್ಟಲೆ ನಾಲ್ಕು ಮೊಮ್ಮಕ್ಕಳನ್ನು ಹೊರಿಸುವುದು ಸರಿಯಲ್ಲ. ಸರದಿಗೂ ಜನವಿಲ್ಲ, ಊರೂ ಇಲ್ಲ ಎನ್ನುವವರಿಗೆ ಇಡೀ ದಿನದ ಶಿಬಿರ ಅನಿವಾರ್ಯ, ಅದಕ್ಕೆ ಯಾರೂ ಹಳಿಯಬಾರದು. ಅಂಥವರು ಮರದ ನೆರಳು, ಅಂಗಳ ಇರುವ ಜಾಗ ಹುಡುಕಿ, ಊಟದ ನಂತರದ ಎರಡು ಗಂಟೆ ಏನೂ ಕಲಿಸದೆ ಬಿಡಿ ಎಂದು ನಡೆಸುವವರನ್ನು ಕೇಳಿಕೊಳ್ಳಿ. ಮೂರ್ನಾಲ್ಕು ಪೋಷಕರು ಒಟ್ಟಾಗಿ ಕೇಳಿದರೆ ಒಪ್ಪುತ್ತಾರೆ.

ರಜೆಯ ಕೊನೆಯ ವಾರ ಹಾಸಿಗೆಗೆ ಹೋಗುವ ಹೊತ್ತನ್ನು ದಿನಕ್ಕೆ 15ರಿಂದ 20 ನಿಮಿಷ ಹಿಂದಕ್ಕೆ ತನ್ನಿ. ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೊಂದಕ್ಕೆ ಮಲಗಿ ರೂಢಿಯಾದ ಮಗುವನ್ನು ಶಾಲೆ ತೆರೆಯುವ ಹಿಂದಿನ ರಾತ್ರಿ ಒಂಬತ್ತಕ್ಕೆ ಮಲಗಿಸಿದರೆ ಕಣ್ಣು ಬಿಟ್ಟುಕೊಂಡೇ ಬಿದ್ದಿರುತ್ತದೆ. ಪುಸ್ತಕಕ್ಕೆ ಬೈಂಡು ಹಾಕುವುದು, ಚಿಕ್ಕದಾದ ಸಮವಸ್ತ್ರ, ಬೂಟು ಬದಲಾಯಿಸುವುದು ಇವನ್ನೂ ಅದೇ ವಾರದ ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳಿ. ಮಧ್ಯಾಹ್ನ ಮೇ 28ರವರೆಗೂ ಅವರದ್ದೇ ಇರಲಿ.