ಚಿಪ್ ಇಲ್ಲದೆಯೇ ಐ2ಸಿ ಡ್ರೈವರ್ ಪರೀಕ್ಷೆ: ಸ್ಟಬ್ ಮಾಡ್ಯೂಲನ್ನು ಸಜ್ಜುಗೊಳಿಸುವ ಬಗೆ

ಐ2ಸಿ ಬಸ್‌ಗೆ, ಅಂದರೆ ಚಿಪ್‌ಗಳನ್ನು ಎರಡು ತಂತಿಗಳಿಂದ ಬೆಸೆಯುವ ಸಂಪರ್ಕಕ್ಕೆ, ಜೋಡಿಸುವ ಚಿಪ್‌ಗಾಗಿ ಲಿನಕ್ಸ್ ಡ್ರೈವರ್ ಬರೆಯುವಾಗ ಚಿಪ್ ಕೈಯಲ್ಲಿ ಇಲ್ಲದಿರುವುದು ಅಪರೂಪವೇನಲ್ಲ. ಚಿಪ್ ಇದ್ದರೂ ಅದರ ತಾಪಮಾನವನ್ನು ಸೊನ್ನೆಗಿಂತ ಕೆಳಗೆ ಇಳಿಸಿ ಋಣ ಸಂಖ್ಯೆಗಳ ಲೆಕ್ಕ ಸರಿಯಿದೆಯೇ ಎಂದು ನೋಡುವುದು ಸುಲಭವಲ್ಲ. ಇಂಥ ಕೆಲಸಕ್ಕೆಂದೇ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಮೂಲ ಕೋಡ್‌ನಲ್ಲಿ ಐ2ಸಿ-ಸ್ಟಬ್ ಎಂಬ ಪುಟ್ಟ ಮಾಡ್ಯೂಲ್ (ಬೇಕಾದಾಗ ಸೇರಿಸಿ ತೆಗೆಯಬಹುದಾದ ಭಾಗ) ಇದೆ. ಅದು ನಿಜವಾದ ಬಸ್ ಇಲ್ಲದೆಯೇ ಒಂದು ಅಡಾಪ್ಟರನ್ನು (ಬಸ್ಸನ್ನು ನಡೆಸುವ ನಿಯಂತ್ರಕ) ನೋಂದಾಯಿಸಿ, ನಾವು ಹೇಳಿದ ವಿಳಾಸಗಳಿಗೆ ಬರುವ ಎಸ್‌ಎಂಬಸ್ (ಐ2ಸಿಯನ್ನು ಆಧರಿಸಿದ ನಿಯಮಾವಳಿ) ಆದೇಶಗಳಿಗೆ ತನ್ನ ಮೆಮೊರಿಯಿಂದಲೇ ಉತ್ತರ ಕೊಡುತ್ತದೆ. ಅದರ ಒಳಗಿರುವುದು ಪ್ರತಿ ವಿಳಾಸಕ್ಕೂ ಹದಿನಾರು ಬಿಟ್‌ಗಳ 256 ಪದಗಳ ಒಂದು ಪಟ್ಟಿ, ಅಷ್ಟೇ. ಚಿಪ್‌ನ ಸ್ವಭಾವ ಅದಕ್ಕೆ ತಿಳಿಯದು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಸ್ಟಬ್‌ನಿಂದ ಏನನ್ನು ಕೇಳಬಹುದು, ಏನನ್ನು ಕೇಳಬಾರದು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಇದನ್ನು ಕರ್ನಲ್‌ನೊಳಗೆ ಸೇರಿಸಿ ಕಟ್ಟಲು ಅವಕಾಶವಿಲ್ಲ. ಸಂರಚನೆಯಲ್ಲಿ ಮಾಡ್ಯೂಲ್ ಆಗಿಯೇ ಆರಿಸಬೇಕು. ಮಾಡ್‌ಪ್ರೋಬ್ ಆದೇಶದಿಂದ ಅದನ್ನು ಲೋಡ್ ಮಾಡುವಾಗ ಚಿಪ್‌ನ ವಿಳಾಸವನ್ನು ಪ್ಯಾರಾಮೀಟರ್ ಆಗಿ ಕೊಡಲೇಬೇಕು, ಕೊಡದಿದ್ದರೆ ಅದು ಲೋಡ್ ಆಗುವುದಿಲ್ಲ. ಒಟ್ಟು ಹತ್ತು ವಿಳಾಸಗಳವರೆಗೆ ಕೊಡಬಹುದು. ನಂತರ ಬಸ್ಸನ್ನು ಸಾಮಾನ್ಯ ಪ್ರೋಗ್ರಾಂಗಳಿಗೆ ತೆರೆದುಕೊಡುವ ಐ2ಸಿ-ಡೆವ್ ಮಾಡ್ಯೂಲನ್ನೂ ಲೋಡ್ ಮಾಡಿದರೆ ಐ2ಸಿ-ಟೂಲ್ಸ್‌ನ ಆದೇಶಗಳಿಂದ ರೆಜಿಸ್ಟರ್‌ಗಳಿಗೆ (ಚಿಪ್‌ನೊಳಗಿನ ಸಂಖ್ಯಾಕೋಶಗಳು; ಸ್ಟಬ್‌ನಲ್ಲಿ ಆ ಪಟ್ಟಿಯ ಸ್ಥಾನಗಳು) ಬೆಲೆಗಳನ್ನು ತುಂಬಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೊಸ ಅಡಾಪ್ಟರ್‌ಗೆ ಯಾವ ಬಸ್ ಸಂಖ್ಯೆ ಸಿಗುತ್ತದೆ ಎಂಬುದು ಆ ಯಂತ್ರದಲ್ಲಿ ಮೊದಲೇ ಇರುವ ಬಸ್‌ಗಳನ್ನು ಅವಲಂಬಿಸಿರುವುದರಿಂದ, ಪರೀಕ್ಷೆಯ ಸ್ಕ್ರಿಪ್ಟ್‌ನಲ್ಲಿ ಸಂಖ್ಯೆಯನ್ನು ನೇರವಾಗಿ ಬರೆದಿಡದೆ, ಐ2ಸಿ-ಡಿಟೆಕ್ಟ್ ಕೊಡುವ ಪಟ್ಟಿಯಲ್ಲಿ ‘ಎಸ್‌ಎಂಬಸ್ ಸ್ಟಬ್ ಡ್ರೈವರ್’ ಎಂಬ ಹೆಸರನ್ನು ಹುಡುಕಿ ಅದರ ಸಂಖ್ಯೆಯನ್ನೇ ಬಳಸಬೇಕು. ತಪ್ಪು ಸಂಖ್ಯೆ ಬಿದ್ದರೆ ಬರಹ ಹೋಗುವುದು ನಿಜವಾದ ಬಸ್‌ಗೆ, ಅಲ್ಲಿ ಮೆಮೊರಿ ಮಾಡ್ಯೂಲ್‌ಗಳ ಮಾಹಿತಿ ಹೊತ್ತ ಈಪ್ರಾಮ್‌ಗಳೂ (ವಿದ್ಯುತ್ ಹೋದರೂ ಮಾಹಿತಿ ಉಳಿಸುವ ಚಿಪ್‌ಗಳು) ಇರಬಹುದು. ಈ ಕೆಲಸವನ್ನೆಲ್ಲ ವರ್ಚುವಲ್ ಯಂತ್ರದೊಳಗೇ ಮಾಡುವುದು ಉತ್ತಮವೆಂಬುದು ನನ್ನ ದೃಢವಾದ ಅಭಿಪ್ರಾಯ. ಪರೀಕ್ಷೆಗೆ ಒಳಗಾದ ಮಾಡ್ಯೂಲ್ ಕರ್ನಲನ್ನೇ ಕೆಡವಿದರೂ ನಷ್ಟವಿರುವುದಿಲ್ಲ.

ಎಲ್‌ಎಂ75 ತಾಪಮಾನ ಸಂವೇದಕವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ವಿಳಾಸ ಹೆಕ್ಸ್ (ಹದಿನಾರರ ಆಧಾರದ ಸಂಖ್ಯೆ) 48 ಎಂದಿರಲಿ, ತಾಪಮಾನವಿರುವುದು ಸೊನ್ನೆಯ ರೆಜಿಸ್ಟರ್‌ನಲ್ಲಿ. ಡೇಟಾಶೀಟ್‌ನ ಪ್ರಕಾರ 25 ಡಿಗ್ರಿ ಎಂದರೆ ಹೆಕ್ಸ್ 1900. ಆದರೆ ಚಿಪ್ ಹಿರಿಯ ಬೈಟನ್ನು ಮೊದಲು ಕಳಿಸುತ್ತದೆ, ಎಸ್‌ಎಂಬಸ್‌ನ ಪದದಲ್ಲಿ ಕಿರಿಯ ಬೈಟ್ ಮೊದಲು ಬರುತ್ತದೆ. ಆದ್ದರಿಂದ ಐ2ಸಿ-ಸೆಟ್ ಆದೇಶದಲ್ಲಿ ಬರೆಯಬೇಕಾದದ್ದು ಹೆಕ್ಸ್ 0019. ಬಳಿಕ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಸಾಧನಗಳನ್ನು ಕಡತಗಳಾಗಿ ತೋರಿಸುವ ಜಾಗ) ಆ ಬಸ್‌ನ ‘ನ್ಯೂ ಡಿವೈಸ್’ ಕಡತಕ್ಕೆ ಚಿಪ್‌ನ ಹೆಸರನ್ನೂ ವಿಳಾಸವನ್ನೂ ಬರೆದರೆ ಡ್ರೈವರ್ ಬಂದು ಕೂಡಿಕೊಳ್ಳುತ್ತದೆ, ತಾಪಮಾನದ ಕಡತದಲ್ಲಿ 25000 ಎಂದು ಮಿಲಿಡಿಗ್ರಿಗಳಲ್ಲಿ ಕಾಣಿಸುತ್ತದೆ. ಹೆಕ್ಸ್ 8019 ಬರೆದರೆ 25500 ಬರಬೇಕು, ಹೆಕ್ಸ್ 00ಎಫ್6 ಬರೆದರೆ −10000. ಬೈಟ್‌ಗಳ ಕ್ರಮ, ಅರ್ಧ ಡಿಗ್ರಿಯ ಬಿಟ್, ಋಣ ಚಿಹ್ನೆ ಈ ಮೂರನ್ನೂ ಇಷ್ಟು ಬೇಗ ಪರಿಶೀಲಿಸುವ ಬೇರೊಂದು ದಾರಿಯನ್ನು ನಾನು ಕಂಡಿಲ್ಲ. ಡ್ರೈವರ್ ಕೂಡಿಕೊಂಡ ಮೇಲೆ ವಿಳಾಸ ಬಳಕೆಯಲ್ಲಿದೆ ಎಂದು ಐ2ಸಿ-ಸೆಟ್ ನಿರಾಕರಿಸುತ್ತದೆ; ಆಗ ಒತ್ತಾಯದ ಆಯ್ಕೆಯನ್ನು ಬಳಸಬೇಕಾಗುತ್ತದೆ. ಬಸ್ ಸಂಖ್ಯೆಯ ಬಗ್ಗೆ ಮೇಲೆ ಒತ್ತಿ ಹೇಳಿದ್ದಕ್ಕೆ ಇದೂ ಕಾರಣ.

ಓದುವುದಕ್ಕಿಂತಲೂ ಡ್ರೈವರ್ ಏನನ್ನು ಬರೆಯುತ್ತದೆ ಎಂಬುದನ್ನು ನೋಡುವುದರಲ್ಲಿ ಸ್ಟಬ್‌ನ ಉಪಯೋಗ ಹೆಚ್ಚೆಂದು ನನಗೆ ಅನಿಸುತ್ತದೆ. ಎಲ್‌ಎಂ75ರ ಸಂರಚನಾ ರೆಜಿಸ್ಟರ್‌ನಲ್ಲಿ ಮೊದಲ ಬಿಟ್ ಚಿಪ್ಪನ್ನು ನಿದ್ರೆಗೆ ಕಳಿಸುವಂಥದ್ದು. ಆ ಬಿಟ್ಟನ್ನು ಮೊದಲೇ 1 ಮಾಡಿಟ್ಟು ಡ್ರೈವರನ್ನು ಲೋಡ್ ಮಾಡಿದರೆ ಅದು 0 ಆಗಿರಬೇಕು, ಡ್ರೈವರನ್ನು ತೆಗೆದ ಮೇಲೆ ಮತ್ತೆ 1ಕ್ಕೆ ಮರಳಬೇಕು, ಏಕೆಂದರೆ ಈ ಡ್ರೈವರ್ ಹೊರಡುವಾಗ ತಾನು ಬಂದಾಗ ಇದ್ದ ಸಂರಚನೆಯನ್ನೇ ಹಿಂದಿರುಗಿಸುತ್ತದೆ. ಸ್ಟಬ್ ಮಾಡ್ಯೂಲನ್ನು ತೆಗೆಯುವವರೆಗೂ ಅದರ ಪಟ್ಟಿ ಹಾಗೆಯೇ ಉಳಿಯುವುದರಿಂದ ಇದನ್ನು ಸಾವಧಾನವಾಗಿ ಓದಿ ನೋಡಬಹುದು. ಪ್ರತಿ ಆದೇಶದ ವಿವರವೂ ಬೇಕೆಂದಾದರೆ ಡೈನಮಿಕ್ ಡೀಬಗ್ ಮೂಲಕ ಈ ಮಾಡ್ಯೂಲ್‌ನ ಸಂದೇಶಗಳನ್ನು ಚಾಲೂ ಮಾಡಿಕೊಂಡರೆ ಕರ್ನಲ್ ಲಾಗ್‌ನಲ್ಲಿ ಎಲ್ಲವೂ ಸಾಲಾಗಿ ಕಾಣುತ್ತವೆ.

ಹೆಚ್ಚಿನವರು ಮುಟ್ಟದೆ ಬಿಡುವ ಪ್ಯಾರಾಮೀಟರ್ ಎಂದರೆ ‘ಫಂಕ್ಷನಾಲಿಟಿ’. ಅಡಾಪ್ಟರ್ ಯಾವ ಆದೇಶಗಳನ್ನು ಬಲ್ಲದು ಎಂಬುದನ್ನು ಅದರಿಂದ ನಿಗದಿಪಡಿಸಬಹುದು. ಹೆಕ್ಸ್ 1ಎಫ್0000 ಕೊಟ್ಟರೆ ಕ್ವಿಕ್, ಬೈಟ್ ಮತ್ತು ಬೈಟ್ ಡೇಟಾ ಆದೇಶಗಳಷ್ಟೇ ಉಳಿಯುತ್ತವೆ, ಪದಗಳ ಆದೇಶ ಹೋಗುತ್ತದೆ. ಪದಗಳನ್ನು ಓದಲೇಬೇಕಾದ ಡ್ರೈವರ್ ಇಂಥ ಬಸ್‌ನಲ್ಲಿ ಪ್ರೋಬ್ ಹಂತದಲ್ಲೇ, ಅಂದರೆ ಚಿಪ್‌ಗೆ ಕೂಡಿಕೊಳ್ಳುವ ಮೊದಲೇ, ಅಚ್ಚುಕಟ್ಟಾಗಿ ಹಿಂದೆ ಸರಿಯಬೇಕು; ಕೂಡಿಕೊಂಡು ಆಮೇಲೆ ಕಸದ ಬೆಲೆಗಳನ್ನು ತೋರಿಸಬಾರದು. ಸಾಮರ್ಥ್ಯ ಕಡಿಮೆಯಿರುವ ಅಡಾಪ್ಟರ್‌ಗಳು ವಾಸ್ತವದಲ್ಲೂ ಇರುವುದರಿಂದ ಈ ಪರೀಕ್ಷೆ ತಪ್ಪದೆ ನಡೆಯಲಿ. ಹಲವು ಬೈಟ್‌ಗಳನ್ನು ಒಟ್ಟಿಗೆ ಸಾಗಿಸುವ ಎಸ್‌ಎಂಬಸ್ ಬ್ಲಾಕ್ ಆದೇಶಗಳು ಇದಕ್ಕೆ ವಿರುದ್ಧ, ಅವು ಪೂರ್ವನಿಯೋಜಿತವಾಗಿ ಇರುವುದಿಲ್ಲ. ಬೇಕಾದರೆ ಹೆಕ್ಸ್ 03000000 ಬಿಟ್‌ಗಳನ್ನು ಇದೇ ಪ್ಯಾರಾಮೀಟರ್‌ಗೆ ಸೇರಿಸಬೇಕು. ರೆಜಿಸ್ಟರ್‌ಗಳನ್ನು ಬ್ಯಾಂಕ್‌ಗಳಾಗಿ (ಒಂದೇ ಸಂಖ್ಯೆಗಳನ್ನು ಸರದಿಯಂತೆ ಬಳಸುವ ಗುಂಪುಗಳಾಗಿ) ವಿಂಗಡಿಸಿದ ಚಿಪ್‌ಗಳಿಗೆ ಪ್ರತ್ಯೇಕ ಪ್ಯಾರಾಮೀಟರ್‌ಗಳಿವೆ.

ಇನ್ನು ಸ್ಟಬ್ ಹೇಳಲಾರದ ಸಂಗತಿಗಳು. ಪಟ್ಟಿಯ ಪ್ರತಿ ಸ್ಥಾನವೂ ಒಂದು ಪೂರ್ಣ ಪದವಾಗಿರುವುದರಿಂದ, ಹೆಕ್ಸ್ 10ರಲ್ಲಿ ಪದವೊಂದನ್ನು ಬರೆದರೆ ಅದರ ಹಿರಿಯ ಬೈಟ್ ಹೆಕ್ಸ್ 11ರಲ್ಲಿ ಕಾಣಿಸುವುದಿಲ್ಲ. ಅನೇಕ ನಿಜವಾದ ಚಿಪ್‌ಗಳಲ್ಲಿ ಕಾಣಿಸುತ್ತದೆ. ಓದಿದೊಡನೆ ಅಳಿಯುವ ಸ್ಥಿತಿಯ ಬಿಟ್‌ಗಳು, 1 ಬರೆದರೆ ತೆರವಾಗುವ ಬಿಟ್‌ಗಳು, ಗಮನ ಸೆಳೆಯಲು ಚಿಪ್ ಕಳಿಸುವ ಇಂಟರಪ್ಟ್‌ಗಳು ಯಾವುವೂ ಇಲ್ಲಿಲ್ಲ. ‘ಸಿದ್ಧ’ ಎಂಬ ಬಿಟ್‌ಗಾಗಿ ಕಾಯುತ್ತ ಸುತ್ತುವ ಡ್ರೈವರ್‌ಗೆ ಕಾಲಮಿತಿ ಇಲ್ಲದಿದ್ದರೆ ಅದು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ, ಹೊರಗಿನಿಂದ ಆ ಬಿಟ್ಟನ್ನು ನಾವೇ ಬರೆದು ಬಿಡಿಸಬೇಕು. ನಿಜ ಹೇಳಬೇಕೆಂದರೆ ಕಾಲಮಿತಿಯ ಕೊರತೆಯನ್ನು ಪತ್ತೆಹಚ್ಚಲು ಇದೇ ಒಳ್ಳೆಯ ವಿಧಾನ.

ಎಲ್ಲಕ್ಕಿಂತ ಮುಖ್ಯವಾಗಿ, ಎಸ್‌ಎಂಬಸ್ ಬ್ಲಾಕ್ ಆದೇಶಗಳನ್ನು ಬಿಟ್ಟರೆ, ತಾನು ಬಲ್ಲ ಆದೇಶ ಸರಿಯಾದ ವಿಳಾಸಕ್ಕೆ ಬಂದರೆ ಸ್ಟಬ್ ಎಂದೂ ಸೋಲುವುದಿಲ್ಲ. ಬಸ್ ನಡುವೆಯೇ ಕೈಕೊಟ್ಟಾಗ ಡ್ರೈವರ್ ಹೇಗೆ ವರ್ತಿಸುತ್ತದೆ ಎಂಬ ಪ್ರಶ್ನೆ ಅದರಿಂದ ತೀರುವುದಿಲ್ಲ. ಅದಕ್ಕೆ ಸಾಮಾನ್ಯ ಪಿನ್‌ಗಳಿಂದಲೇ ಬಸ್ ನಡೆಸುವ ಐ2ಸಿ-ಜಿಪಿಐಒ ಡ್ರೈವರ್‌ನ ದೋಷ ಹುಟ್ಟಿಸುವ ಸೌಲಭ್ಯವನ್ನು ನಿಜವಾದ ತಂತಿಗಳ ಮೇಲೆ ಬಳಸಬೇಕು, ಇಲ್ಲವೆ ಸ್ಟಬ್‌ನ ಮೂಲ ಕೋಡನ್ನೇ ನಕಲು ಮಾಡಿಕೊಂಡು, ಆಗಾಗ ದೋಷಸಂಖ್ಯೆಯನ್ನು ಹಿಂದಿರುಗಿಸುವಂತೆ ಅದರ ವರ್ಗಾವಣೆಯ ಫಂಕ್ಷನ್ನನ್ನು ತಿದ್ದಬೇಕು. ಆ ಕೋಡ್ ಒಂದೇ ಕಡತದಲ್ಲಿದೆ, ಓದಲು ಸರಳವಾಗಿದೆ. ನಾನು ಎರಡನೆಯ ದಾರಿಯನ್ನೇ ಆರಿಸುತ್ತೇನೆ.