ನಾಲ್ಕು ತಿಂಗಳ ತೂಕ: ಚಾತುರ್ಮಾಸ್ಯ ವ್ರತ ಹಿಡಿಯುವವರಿಗೆ

ಆಷಾಢ ಶುದ್ಧ ಏಕಾದಶಿಯಂದು ಶ್ರೀಹರಿ ಯೋಗನಿದ್ರೆಗೆ ತೊಡಗುತ್ತಾನೆ, ಕಾರ್ತಿಕ ಶುದ್ಧ ದ್ವಾದಶಿಯ ಹೊತ್ತಿಗೆ ಏಳುತ್ತಾನೆ. ನಡುವಿನ ನಾಲ್ಕು ತಿಂಗಳು ಚಾತುರ್ಮಾಸ್ಯ. ಮಳೆಗಾಲದಲ್ಲಿ ನೆಲದ ತುಂಬ ಹುಳುಹುಪ್ಪಟೆ. ನಡೆದರೆ ಕಾಲಡಿ ಜೀವ ಹೋಗುತ್ತದೆಂದು ಯತಿಗಳು ಒಂದೇ ಊರಲ್ಲಿ ನಿಲ್ಲುತ್ತಾರೆ. ಅವರು ಪಕ್ಷವನ್ನೇ ಮಾಸವೆಂದು ಎಣಿಸಿ, ಭಾದ್ರಪದ ಹುಣ್ಣಿಮೆಗೆ ಸೀಮೋಲ್ಲಂಘನ ಮಾಡಿ, ಅಂದರೆ ಊರಿನ ಗಡಿ ದಾಟಿ, ಮುಗಿಸುವುದುಂಟು. ಗೃಹಸ್ಥರಿಗೆ ಮಾತ್ರ ಪೂರ್ತಿ ನಾಲ್ಕು ತಿಂಗಳು, ಅದೂ ಅಡುಗೆಮನೆಯಲ್ಲಿ.

ಶ್ರಾವಣೇ ವರ್ಜಯೇಚ್ಛಾಕಂ ದಧಿ ಭಾದ್ರಪದೇ ತಥಾ |
ದುಗ್ಧಮಾಶ್ವಯುಜೇ ಮಾಸಿ ಕಾರ್ತಿಕೇ ದ್ವಿದಲಂ ತ್ಯಜೇತ್ ||

ಮೊದಲ ತಿಂಗಳು ಮಾವು ಹೊರತು ತರಕಾರಿ, ಸೊಪ್ಪು, ಹಣ್ಣು ಇಲ್ಲ. ಎರಡನೆಯದು ಮೊಸರಿಲ್ಲದ ತಿಂಗಳು, ಮೂರನೆಯದು ಹಾಲಿಲ್ಲದ್ದು. ನಾಲ್ಕನೆಯದರಲ್ಲಿ ಎರಡು ಹೋಳಾಗುವ ಕಾಳು, ಬೇಳೆಗಳು ಹೋಗುತ್ತವೆ. ಬಹುಬೀಜದ ಕಾಯಿಗಳನ್ನೂ ಅದರ ಜೊತೆ ಬಿಡುತ್ತಾರೆ. ತಿಂಗಳ ಲೆಕ್ಕ ಏಕಾದಶಿಯಿಂದ ಏಕಾದಶಿಗೆ. ಏಕಾದಶಿ ಹೇಗೂ ಉಪವಾಸವಾದ್ದರಿಂದ ಊಟ ಬದಲಾಗುವುದು ಮರುದಿನ ದ್ವಾದಶಿಯ ಪಾರಣೆಯಿಂದ, ಅಂದರೆ ಉಪವಾಸ ಮುರಿಯುವ ಊಟದಿಂದ. ನಡುವೆ ಅಧಿಕಮಾಸ ಬಂದರೆ ವ್ರತ ಐದು ತಿಂಗಳಾಗುತ್ತದೆ; 2023ರಲ್ಲಿ ಅಧಿಕ ಶ್ರಾವಣ ಬಂದು ಹಾಗೆಯೇ ಆಯಿತು.

ಈ ಕ್ರಮವನ್ನು ನಿಧಾನವಾಗಿ ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಇಲ್ಲಿ ಯಾವುದನ್ನೂ ಶಾಶ್ವತವಾಗಿ ಬಿಡು ಎಂದು ಹೇಳಿಲ್ಲ. ಮೊಸರು ಬಿಟ್ಟ ತಿಂಗಳು ಹಾಲಿದೆ, ಹಾಲು ಬಿಟ್ಟ ತಿಂಗಳು ಮೊಸರು ಮರಳಿ ಬಂದಿದೆ, ಬೇಳೆ ಬಿಟ್ಟಾಗ ಎರಡೂ ಇವೆ. ಒಂದನ್ನು ತೆಗೆದಾಗ ಉಳಿದವುಗಳ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದು ತಾನಾಗಿಯೇ ಕಾಣುತ್ತದೆ. ಹಾಲಿಲ್ಲದ ತಿಂಗಳಲ್ಲಿ ಬೆಳಗಿನ ಕಾಫಿಗಾಗಿ ಮನಸ್ಸು ಎಷ್ಟು ರಚ್ಚೆ ಹಿಡಿಯುತ್ತದೆ ಎಂದು ಗೊತ್ತಾಗುವುದು ಆಗಲೇ. ಬದುಕಿನ ಉಳಿದ ಭಾಗಗಳನ್ನು, ಅಂದರೆ ದುಡಿಮೆ, ದುಡ್ಡು, ಮಾತು, ಮನೆಯವರಿಗೆ ಕೊಡುವ ಹೊತ್ತು, ಇವನ್ನೂ ಹೀಗೆಯೇ ಸರದಿಯ ಮೇಲೆ ತೂಗಿ ನೋಡಬಹುದು. ಆದರೆ ಅದಕ್ಕೆ ಮೊದಲು ಅಡುಗೆಮನೆ ಸರಿಯಾಗಬೇಕು.

ಸಂಕಲ್ಪ ಉದ್ದವೇನಿಲ್ಲ. ಏಕಾದಶಿಯ ಬೆಳಿಗ್ಗೆ ಸ್ನಾನ, ನಿತ್ಯಪೂಜೆ ಮುಗಿಸಿ, ಆಚಮನ ಮಾಡಿ, ದೇಶಕಾಲಗಳನ್ನು ಹೇಳಿ, ಆ ತಿಂಗಳ ವ್ರತದ ಹೆಸರೆತ್ತಿ ‘ಕರಿಷ್ಯೇ’ ಎಂದು ನೀರು ಬಿಟ್ಟರೆ ಆಯಿತು. ಜೊತೆಗೆ ಹೇಳುವ ಪ್ರಾರ್ಥನೆ ಇದು: ‘ಇದಂ ವ್ರತಂ ಮಯಾ ದೇವ ಗೃಹೀತಂ ಪುರತಸ್ತವ | ನಿರ್ವಿಘ್ನಂ ಸಿದ್ಧಿಮಾಯಾತು ಪ್ರಸಾದಾತ್ತವ ಕೇಶವ.’ ನಾಲ್ಕಕ್ಕೂ ಒಂದೇ ಸಲ ಸಂಕಲ್ಪ ಮಾಡಿ ಮರೆಯುವುದಕ್ಕಿಂತ ತಿಂಗಳಿಗೊಮ್ಮೆ ಮಾಡುವುದು ಮೇಲು. ಆಗ ಹಿಂದಿನ ತಿಂಗಳು ಹೇಗೆ ಹೋಯಿತೆಂದು ಒಮ್ಮೆ ಹಿಂತಿರುಗಿ ನೋಡಲೇಬೇಕಾಗುತ್ತದೆ.

ಹೆಚ್ಚು ಎಡವುವುದು ಶಾಕವ್ರತದಲ್ಲಿ, ಅಂದರೆ ತರಕಾರಿ ಬಿಡುವ ಮೊದಲ ತಿಂಗಳಲ್ಲಿ. ಹುಣಸೆಹಣ್ಣು, ಒಣಮೆಣಸಿನಕಾಯಿ, ಸಾಸಿವೆ, ತೆಂಗಿನಕಾಯಿ ಎಲ್ಲ ಪಕ್ಕಕ್ಕೆ ಸರಿದಾಗ ಸಾರಿಗೆ ಉಳಿಯುವುದು ಹೆಸರುಬೇಳೆ, ಕಾಳುಮೆಣಸು, ಜೀರಿಗೆ, ಮಾವಿನಕಾಯಿ, ತುಪ್ಪ. (ಪಟ್ಟಿ ಮಠದಿಂದ ಮಠಕ್ಕೆ ಸ್ವಲ್ಪ ಬೇರೆ, ನಿಮ್ಮ ಮಠದ ಪಂಚಾಂಗವನ್ನೇ ನೋಡಿ.) ನಾಲ್ವರಿಗೆ ಅರ್ಧ ಲೋಟ ಹೆಸರುಬೇಳೆ ಸಾಕು. ಬೇಳೆ ಪೂರ್ತಿ ಕರಗಿದ ಮೇಲೆಯೇ ಮಾವಿನಕಾಯಿ ಹೋಳು ಅಥವಾ ಒಣಗಿದ ಮಾವಿನ ಪುಡಿ ಹಾಕಬೇಕು. ಮೊದಲೇ ಹಾಕಿದರೆ ಹುಳಿಯಿಂದಾಗಿ ಬೇಳೆ ಬಿರುಸಾಗಿಯೇ ಉಳಿಯುತ್ತದೆ, ಎಷ್ಟು ಕುದಿಸಿದರೂ ಒಡೆಯುವುದಿಲ್ಲ. ಮೆಣಸು ಒಂದು ಟೀ ಚಮಚ, ಜೀರಿಗೆ ಅಷ್ಟೇ. ಜೀರಿಗೆಯ ಘಮ ಏಳುತ್ತಲೇ ಇಳಿಸಿ, ತರಿತರಿಯಾಗಿ ಕುಟ್ಟಿ. ಕಪ್ಪಗಾಗುವವರೆಗೆ ಹುರಿದರೆ ಕಹಿ. ಮೆಣಸಿನಕಾಯಿಯ ಖಾರವನ್ನು ಮೆಣಸಿನಿಂದಲೇ ತುಂಬಿಸಹೊರಟವರಿಗೆ ವಾರದೊಳಗೆ ಎದೆಯುರಿ ಶುರುವಾಗುತ್ತದೆ, ಆಮೇಲೆ ವ್ರತದ ಮೇಲೆ ದೂರು.

ದಧಿವ್ರತದಲ್ಲಿ ಮಜ್ಜಿಗೆಗೆ ಅಡ್ಡಿಯಿಲ್ಲ. ಆದರೆ ಮೊಸರಿಗೆ ನೀರು ಬೆರೆಸಿ ಸೌಟಿನಿಂದ ನಾಲ್ಕು ಸಲ ತಿರುವಿದರೆ ಅದು ಮಜ್ಜಿಗೆಯಲ್ಲ, ನೀರುಮೊಸರು. ಕಡೆದು, ಬೆಣ್ಣೆ ತೆಗೆದದ್ದು ಮಜ್ಜಿಗೆ. ಮಜ್ಜಿಗೆಹುಳಿಗೆ ಕೊನೆಯಲ್ಲಿ ಮೊಸರು ಸುರಿಯುವ ಕೈ ಅಭ್ಯಾಸಬಲದಿಂದ ಈ ತಿಂಗಳೂ ಡಬ್ಬಿಗೇ ಹೋಗುತ್ತದೆ. ಕೃಷ್ಣಾಷ್ಟಮಿ, ಗಣೇಶನ ಹಬ್ಬ ಇದೇ ತಿಂಗಳಲ್ಲಿ ಬರುವುದರಿಂದ ನೆಂಟರ ಮನೆ ಊಟದಲ್ಲಿ ಜಾಗ್ರತೆ ಬೇಕು. ಕ್ಷೀರವ್ರತಕ್ಕೆ ನವರಾತ್ರಿ ಸಿಗುತ್ತದೆ. ಹಾಲಿನ ಪಾಯಸದ ಬದಲು ಕಾಯಿಹಾಲಿನದು ಮಾಡಬಹುದು. ತಪ್ಪು ಆಗುವುದು ಪಾಯಸದಲ್ಲಲ್ಲ, ಬಿಸ್ಕತ್ತಿನಲ್ಲಿ. ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ ಹಾಲಿನ ಪುಡಿ ಇರುತ್ತದೆ. ದ್ವಿದಳದ ತಿಂಗಳಿಗೆ ದೀಪಾವಳಿ. ಉದ್ದು ಇಲ್ಲದೆ ದೋಸೆ, ಇಡ್ಲಿ, ಚಕ್ಕುಲಿ ಇಲ್ಲ. ಕಡಲೆಬೇಳೆಯ ಹೋಳಿಗೆಯೂ ಇಲ್ಲ. ಒಗ್ಗರಣೆಯ ಸಾಸಿವೆ, ಮೆಂತ್ಯಗಳೂ ಎರಡು ಹೋಳಾಗುವವೇ ಎಂದು ನೆನಪಾಗುವುದು ಸಾಮಾನ್ಯವಾಗಿ ಚಟಪಟ ಎಂದ ಮೇಲೆ. ಶೇಂಗಾ ಎಣ್ಣೆಯನ್ನೂ ಬಿಟ್ಟು ತುಪ್ಪದಲ್ಲೇ ನಡೆಸುವವರಿದ್ದಾರೆ.

ಗರ್ಭಿಣಿಯರು, ಬಾಣಂತಿಯರು, ಮಕ್ಕಳು, ಕಾಯಿಲೆಯವರು ಇದಕ್ಕೆ ಕೈಹಾಕಬೇಕಾಗಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಶಾಕವ್ರತದಲ್ಲಿ ತರಕಾರಿ ಹೋಗಿ ಅನ್ನವೇ ಹೆಚ್ಚಾಗುವುದನ್ನು ಗಮನಿಸಬೇಕು, ವೈದ್ಯರನ್ನು ಕೇಳಿಯೇ ಹೊರಡಬೇಕು. ‘ನ ಚೈಕಾಂತಮನಶ್ನತಃ’ ಎಂದು ಗೀತೆಯ ಆರನೆಯ ಅಧ್ಯಾಯದಲ್ಲಿ ಕೃಷ್ಣನೇ ಹೇಳಿದ್ದಾನಲ್ಲ, ಏನೂ ತಿನ್ನದೆ ಕೂತವನಿಗೂ ಯೋಗ ಸಿದ್ಧಿಸದು ಎಂದು.

ಇನ್ನು ಒಳಗಿನ ಮಾತು. ವ್ರತ ಒಬ್ಬರದು, ಒಲೆ ಇನ್ನೊಬ್ಬರದು: ನಮ್ಮ ಮನೆಗಳಲ್ಲಿ ಚಾತುರ್ಮಾಸ್ಯ ವಾಲುವುದು ಇಲ್ಲೇ. ಯಜಮಾನರು ಸಂಕಲ್ಪ ಮಾಡುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದು ವ್ರತದ ಸಾರು ಬೇರೆ, ಮಕ್ಕಳ ಡಬ್ಬಿಯ ಪಲ್ಯ ಬೇರೆ, ಅತ್ತೆಯವರ ಪಥ್ಯ ಬೇರೆ ಎಂದು ಮೂರು ಪಾತ್ರೆ ಇಡುವವರ ಹೆಸರು ಆ ಸಂಕಲ್ಪದಲ್ಲಿ ಇರುವುದಿಲ್ಲ. ಅವರ ನಿದ್ದೆ, ಅವರ ಪೂಜೆಯ ಹೊತ್ತು, ಅವರ ಬೆನ್ನು ಯಾವುದೂ ಲೆಕ್ಕಕ್ಕಿಲ್ಲ. ಇನ್ನೊಬ್ಬರ ವಿಶ್ರಾಂತಿಯನ್ನು ಕಿತ್ತುಕೊಂಡು ಗಳಿಸಿದ ನಿಯಮಕ್ಕೆ ದೇವರು ಎಷ್ಟು ಬೆಲೆ ಕಟ್ಟುತ್ತಾನೋ! ವ್ರತಿಯಾದವರು ವಾರಕ್ಕೆ ಎರಡು ದಿನವಾದರೂ ತಮ್ಮ ಅಡುಗೆ ತಾವೇ ಮಾಡಿಕೊಳ್ಳುವುದು, ಪಾತ್ರೆ ತಾವೇ ತೊಳೆಯುವುದು, ಆಗದಿದ್ದರೆ ಮನೆಗೆಲ್ಲ ಒಂದೇ ಅಡುಗೆ ಆಗುವಷ್ಟು ಸರಳ ನಿಯಮ ಇಟ್ಟುಕೊಳ್ಳುವುದು, ಇವುಗಳಲ್ಲಿ ಒಂದನ್ನು ಏಕಾದಶಿಗೆ ಮೊದಲೇ ಕೂತು ಮಾತಾಡಿಕೊಳ್ಳಬೇಕು. ಎಲ್ಲರಿಗೂ ಒಪ್ಪಿಗೆಯಾಗದಿದ್ದರೆ ನಾಲ್ಕರಲ್ಲಿ ಒಂದೇ ತಿಂಗಳು ಹಿಡಿಯಿರಿ. ಹಾಲು ಬಿಡುವುದಕ್ಕೆ ಬೇರೆ ಪಾತ್ರೆ ಬೇಕಿಲ್ಲ, ಹಾಗಾಗಿ ಹೊಸಬರಿಗೆ ಕ್ಷೀರವ್ರತವೇ ಸುಲಭ.

ದುಡ್ಡಿನ ಕಡೆಯೂ ಹೀಗೆಯೇ. ತರಕಾರಿ ಇಲ್ಲದ ತಿಂಗಳು ದಿನಸಿ ಖರ್ಚು ಇಳಿಯಬೇಕು. ಆದರೆ ಗೋಡಂಬಿ, ಹೆಚ್ಚುವರಿ ತುಪ್ಪ, ಬಾಯಿ ಚಪಲಕ್ಕೆ ಸಿಹಿ ಎಂದು ಅಂಗಡಿ ಚೀಟಿ ಉದ್ದವಾಗುವುದೇ ಹೆಚ್ಚು. ಆಷಾಢಕ್ಕೆ ಮೊದಲಿನ ತಿಂಗಳ ಚೀಟಿ ಮತ್ತು ಶಾಕವ್ರತದ ತಿಂಗಳ ಚೀಟಿ ಪಕ್ಕಪಕ್ಕ ಇಟ್ಟು ನೋಡಿ. ಮೊತ್ತ ಏರಿದ್ದರೆ ಬಿಟ್ಟದ್ದು ತರಕಾರಿಯನ್ನು ಮಾತ್ರ, ಆಸೆ ಹಾಗೇ ಇದೆ.

ಊಟದಾಚೆಗೂ ಈ ವ್ರತ ಕೈ ಚಾಚಿದೆ. ಮೌನವಾಗಿ ಉಣ್ಣುವುದು, ಒಪ್ಪೊತ್ತು, ನೆಲದ ಮೇಲೆ ಮಲಗುವುದು, ಬೆಲ್ಲ ಬಿಡುವುದು ಎಲ್ಲವನ್ನೂ ಶಾಸ್ತ್ರಗಳು ಚಾತುರ್ಮಾಸ್ಯದ ನಿಯಮಗಳೆಂದೇ ಹೇಳಿವೆ. ಆದ್ದರಿಂದ ಆಯಾ ತಿಂಗಳ ಆಹಾರದ ಸಂಕಲ್ಪದ ಜೊತೆ ಇನ್ನೊಂದನ್ನು ಸೇರಿಸಿಕೊಳ್ಳುವುದರಲ್ಲಿ ಹೊಸತೇನೂ ಇಲ್ಲ. ಒಂದೇ ಸಾಕು. ಐದು ಸೇರಿಸಿದವರು ಎರಡನೇ ವಾರಕ್ಕೇ ಐದನ್ನೂ ಬಿಟ್ಟಿರುತ್ತಾರೆ. ‘ಇನ್ನು ಸಿಟ್ಟು ಮಾಡುವುದಿಲ್ಲ’ ಎಂಬ ಸಂಕಲ್ಪ ನಿಲ್ಲುವುದಿಲ್ಲ. ಸಿಟ್ಟು ಯಾವಾಗ ಬಂತು, ಎಷ್ಟು ಬಂತು ಎಂದು ಹೇಳುವವರಾರು? ‘ಊಟಕ್ಕೆ ಕೂತಾಗ ಮಕ್ಕಳ ಅಂಕದ ಮಾತೆತ್ತುವುದಿಲ್ಲ’ ಎಂಬುದು ನಿಲ್ಲುತ್ತದೆ. ಹೊತ್ತು ಗೊತ್ತು, ಜಾಗ ಗೊತ್ತು, ತಪ್ಪಿದರೆ ಮಕ್ಕಳೇ ಹೇಳುತ್ತಾರೆ. ‘ಮೊಬೈಲು ಕಡಿಮೆ ಮಾಡುತ್ತೇನೆ’ ಬೇಡ, ‘ಸಂಜೆ ದೀಪ ಹಚ್ಚಿದ ಮೇಲೆ ಒಂದು ತಾಸು ಅದು ಇನ್ನೊಂದು ಕೋಣೆಯಲ್ಲಿರುತ್ತದೆ’ ಎನ್ನಿ. ಕಚೇರಿಯ ಕೆಲಸವನ್ನು ಮನೆಗೆ ತರುವವರು ತಿಂಗಳ ನಾಲ್ಕು ಭಾನುವಾರಗಳನ್ನು ಹೆಸರು ಹೇಳಿ ಬಿಡಿಸಿಕೊಳ್ಳಲಿ. ಬಿಡಿಸಿಕೊಂಡ ಹೊತ್ತು ಯಾರಿಗೆ ಎಂಬುದನ್ನೂ ಆಗಲೇ ನಿಶ್ಚಯಿಸಿ: ಜಪಕ್ಕೋ, ಊರಲ್ಲಿರುವ ತಂದೆತಾಯಿಗೆ ಫೋನ್ ಮಾಡುವುದಕ್ಕೋ, ಬರೀ ನಿದ್ದೆಗೋ. ನಿದ್ದೆಯಾದರೂ ತಪ್ಪಿಲ್ಲ. ಯಾರಿಗೂ ಕೊಡದ ಹೊತ್ತನ್ನು ಮೊಬೈಲೇ ವಾಪಸು ಪಡೆಯುತ್ತದೆ.

ಪಂಚಾಂಗದ ಆ ತಿಂಗಳ ಪುಟದಲ್ಲೇ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋಗಿ. ನಡೆದ ದಿನ ಒಂದು ಗೆರೆ, ತಪ್ಪಿದ ದಿನ ಸೊನ್ನೆ, ಸೊನ್ನೆಯ ಪಕ್ಕ ಎರಡೇ ಪದದಲ್ಲಿ ಕಾರಣ: ‘ಮದುವೆ ಮನೆ’, ‘ರಾತ್ರಿ ಬಸ್ಸು’, ‘ಜಗಳ’. ಮುಂದಿನ ಏಕಾದಶಿಯಂದು ಸೊನ್ನೆಗಳನ್ನಷ್ಟೇ ಓದಿ. ಒಂದೇ ಕಾರಣ ಮೂರು ಸಲ ಬಂದಿದ್ದರೆ ಮುಂದಿನ ತಿಂಗಳ ಹೆಚ್ಚುವರಿ ಸಂಕಲ್ಪ ಅದರ ಮೇಲೆಯೇ ಇರಲಿ.

ತಿಳಿಯದೆ ತಪ್ಪಿದರೆ ಅಲ್ಲಿಗೇ ಕೈಬಿಡುವ ಅಭ್ಯಾಸ ಹಲವರಿಗಿದೆ, ‘ಹೇಗೂ ಕೆಟ್ಟಿತು’ ಎಂದು. ಶಾಸ್ತ್ರ ಅಷ್ಟು ಬಿಗಿಯಾಗಿಲ್ಲ. ವ್ರತ ಮುಗಿಸಿ ದೇವರಿಗೆ ಒಪ್ಪಿಸುವಾಗ ಹೇಳುವ ಸಮರ್ಪಣೆಯ ಶ್ಲೋಕದಲ್ಲೇ ಅದಕ್ಕೆ ಜಾಗವಿದೆ: ‘ಇದಂ ವ್ರತಂ ಮಯಾ ದೇವ ಕೃತಂ ಪ್ರೀತ್ಯೈ ತವ ಪ್ರಭೋ | ನ್ಯೂನಂ ಸಂಪೂರ್ಣತಾಂ ಯಾತು ತ್ವತ್ಪ್ರಸಾದಾಜ್ಜನಾರ್ದನ.’ ಕೊರತೆ ಇದ್ದೇ ಇರುತ್ತದೆ ಎಂದು ಒಪ್ಪಿಕೊಂಡೇ ಬರೆದ ಪ್ರಾರ್ಥನೆ ಇದು. ಸಾರಿಗೆ ಸಾಸಿವೆ ಬಿದ್ದಿದ್ದು ಗೊತ್ತಾದಾಗ ಕೃಷ್ಣನನ್ನು ನೆನೆದು ಮುಂದಿನ ಹೊತ್ತಿನಿಂದ ಮತ್ತೆ ನಿಯಮ ಹಿಡಿಯಿರಿ. ಒಗ್ಗರಣೆ ಹಾಕಿದವರ ಮೇಲೆ ಹಾರಿಬೀಳಬೇಡಿ.

ತಿಂಗಳ ಕೊನೆಗೆ ಸಮರ್ಪಣೆಯ ಜೊತೆ ದಾನ. ಶಾಕವ್ರತಕ್ಕೆ ತರಕಾರಿ, ದಧಿವ್ರತಕ್ಕೆ ಮೊಸರು, ಕ್ಷೀರವ್ರತಕ್ಕೆ ಹಾಲು, ದ್ವಿದಳಕ್ಕೆ ಬೇಳೆಕಾಳು. ಶಾಸ್ತ್ರಕ್ಕೊಂದು ಹಿಡಿ ಬೇಳೆ, ಮೇಲೊಂದು ವೀಳ್ಯದೆಲೆ ಇಟ್ಟು ಮುಗಿಸುವುದುಂಟು. ಅದಕ್ಕಿಂತ, ಬಿಟ್ಟದ್ದರ ಅಳತೆಗೇ ಕೊಡುವುದು ಲೆಕ್ಕಕ್ಕೆ ಸರಿ. ಒಬ್ಬರು ದಿನಕ್ಕೆ 35 ಗ್ರಾಂ ಬೇಳೆ ಉಣ್ಣುವವರಾದರೆ 30 ದಿನಕ್ಕೆ ಒಂದು ಕಿಲೋ ಮೇಲೆ ಸ್ವಲ್ಪ. ದಿನಕ್ಕೆ ಕಾಲು ಲೀಟರ್ ಹಾಲು ಕುಡಿಯುವವರ ಲೆಕ್ಕ ಏಳೂವರೆ ಲೀಟರ್. ಹಾಲು ಒಂದೇ ದಿನ ಕೊಟ್ಟರೆ ಪಡೆದವರ ಮನೆಯಲ್ಲಿ ಒಡೆದುಹೋಗುತ್ತದೆ, ಆದ್ದರಿಂದ ದಿನಕ್ಕೆ ಅರ್ಧ ಲೀಟರಿನಂತೆ ಹದಿನೈದು ದಿನ ಕೊಡಿಸಬಹುದು. ಬೇಳೆ ಕೊಡುವಾಗ ಹುಳ ಬಿದ್ದ ಹಳೆಯದನ್ನು ದಾಟಿಸದೆ ಹೊಸದನ್ನೇ ಕೊಂಡು, ಕಾರ್ತಿಕ ಶುದ್ಧ ದ್ವಾದಶಿಯಂದು ತುಳಸಿಯ ಬುಡದಲ್ಲಿ ನೆಲ್ಲಿಕೊಂಬೆ ನೆಟ್ಟು ಪೂಜೆ ಮಾಡುವ ಮೊದಲೇ ಚೀಲ ಕಟ್ಟಿ ಸಿದ್ಧ ಇಟ್ಟುಕೊಳ್ಳಿ. ಪಾರಣೆಯ ಗಡಿಬಿಡಿಯಲ್ಲಿ ಮರೆತುಹೋಗುವುದು ಅದೊಂದೇ.