ಹಾಜರಿ ಪುಸ್ತಕದಲ್ಲಿ ಸಿಕ್ಕ ಗುಳೆ

ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ. ಅದು ಮುಗಿಯುವ ಹೊತ್ತಿಗೆ ತೊಗರಿ ರಾಶಿಯೂ ಮುಗಿದಿರುತ್ತದೆ, ಹತ್ತಿ ಬಿಡಿಸುವ ಕೂಲಿಯೂ ನಿಂತಿರುತ್ತದೆ. ಆಮೇಲೆ ಯಾದಗಿರಿ ಜಿಲ್ಲೆಯ ಒಣಭೂಮಿಯ ಊರುಗಳಿಂದ ಜನ ದುಡಿಮೆ ಹುಡುಕಿಕೊಂಡು ಗುಳೆ ಹೊರಡುತ್ತಾರೆ. ಕೆಲವರು ದೀಪಾವಳಿ ಮುಗಿಸಿಯೇ ಹೋಗಿಬಿಟ್ಟಿರುತ್ತಾರೆ. ಬೆಂಗಳೂರು, ಪುಣೆ, ಮುಂಬೈ, ಗೋವಾ. ಸಂಜೆ ಬಸ್ಸು ನಿಂತರೆ ಮೊದಲು ಜೋಳದ ಚೀಲ ಹತ್ತುತ್ತದೆ, ಆಮೇಲೆ ಪಾತ್ರೆಯ ಗಂಟು, ಆಮೇಲೆ ಮಕ್ಕಳು. ನಾನು ಹುಟ್ಟಿದ್ದು ಈ ಕಡೆಯೇ. ಇಲ್ಲಿನದೇ ಒಂದು ಡಿಗ್ರಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ಕ್ಲಾಸಿನ ಹುಡುಗರಲ್ಲೂ ರಜೆಯಲ್ಲಿ ಬೆಂಗಳೂರಿಗೆ ಹೋಗಿ ಸೆಂಟ್ರಿಂಗ್ ಕೆಲಸ ಮಾಡಿ ಫೀಸಿಗೆ ರೊಕ್ಕ ಹೊಂದಿಸಿಕೊಂಡು ಬರುವವರು ಇದ್ದಾರೆ.

2025ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಒಬ್ಬ ಸಂಶೋಧಕಿ ಬಂದರು. ವಲಸೆ ಮನೆಮಂದಿಯನ್ನು ಏನು ಮಾಡುತ್ತದೆ ಅನ್ನುವುದು ಅವರ ವಿಷಯ. ಅದಕ್ಕೂ ಮುಂಚೆ ಬೆಂಗಳೂರಿನ ಲೇಬರ್ ಶೆಡ್ಡುಗಳಲ್ಲಿ ಸಾಕಷ್ಟು ಓಡಾಡಿದ್ದರು. ಅಲ್ಲಿ ಯಾರನ್ನು ಮಾತಾಡಿಸಿದರೂ ಮಾತು ಊರಿಗೇ ಬಂದು ನಿಲ್ಲುತ್ತಿತ್ತಂತೆ. "ಅವ್ವ ಊರಾಗ ಅದಾಳ್ರಿ, ಮಗಳನ್ನ ಅಕಿ ಹತ್ರ ಬಿಟ್ಟೀವಿ" ಅನ್ನುತ್ತಿದ್ದರಂತೆ. ಆ ಅವ್ವನನ್ನು ನೋಡಬೇಕು, ಅವಳನ್ನೇ ಕೇಳಬೇಕು ಅಂತ ಇಲ್ಲಿಗೆ ಬಂದಿದ್ದರು. ಭಾಷೆ ಗೊತ್ತಿರುವವರು, ಊರು ಗೊತ್ತಿರುವವರು ಜೊತೆಗೆ ಬೇಕು ಅಂದಾಗ ನಾನು ಹೊರಟೆ.

ದಾರಿಯಲ್ಲಿ ಅವರ ಮಾತೆಲ್ಲ ಲೆಕ್ಕದ್ದೇ. ವಲಸೆ ಓದುವವರಿಗೆ ಇದೊಂದು ತೀರದ ಚಿಂತೆ ಅಂತ ನನಗೆ ಅವತ್ತು ಸರಿಯಾಗಿ ಗೊತ್ತಾಯಿತು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ವಲಸೆ ಬಂದವರು ಸುಮಾರು 45 ಕೋಟಿ. ಅದರಲ್ಲಿ ಬಹಳಷ್ಟು ಜನ ಮದುವೆಯಾಗಿ ಗಂಡನ ಊರಿಗೆ ಬಂದ ಹೆಂಗಸರು. ಜನಗಣತಿಯವರು ಹಿಂದೆ ಎಲ್ಲಿ ವಾಸವಿದ್ದಿರಿ ಅಂತ ಕೇಳುತ್ತಾರೆ. ವರ್ಷಕ್ಕೆ ನಾಲ್ಕೈದು ತಿಂಗಳು ಹೋಗಿ ಮಳೆಗೆ ವಾಪಸ್ ಬರುವವರು ಆ ಪ್ರಶ್ನೆಗೆ ಏನು ಹೇಳಬೇಕು? ಜೊತೆಗೆ ಆ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ನಮ್ಮ ಕಡೆ ಮನೆಗಳಿಗೆ ಬೀಗ ಬಿದ್ದಿರುವ ತಿಂಗಳೇ ಅದು.

ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಗುಳೆಯಂಥ ವಲಸೆಯನ್ನು ಬೇರೆಯಾಗಿ ಕೇಳಿದ್ದಾರೆ. ಆದರೆ 1999-2000ರಲ್ಲಿ ಕನಿಷ್ಠ 60 ದಿನ ಊರು ಬಿಟ್ಟಿದ್ದರೆ ಲೆಕ್ಕಕ್ಕೆ ತೆಗೆದುಕೊಂಡರು, 2007-08ರಲ್ಲಿ 30 ದಿನ ಸಾಕು ಅಂದರು. ಎರಡು ಸಲವೂ ಆರು ತಿಂಗಳ ಒಳಗೆ ಇರಬೇಕು. ಗೆರೆ ಆಚೀಚೆ ಸರಿಸಿದರೆ ಗುಳೆ ಹೋದವರ ಸಂಖ್ಯೆಯೇ ಬದಲಾಗುತ್ತದೆ, ಅಲ್ವಾ? 2016-17ರ ಆರ್ಥಿಕ ಸಮೀಕ್ಷೆಯಲ್ಲಿ ರೈಲಿನ ಕಾಯ್ದಿರಿಸದ ಟಿಕೆಟ್‌ಗಳ ಲೆಕ್ಕ ಹಿಡಿದು ವರ್ಷಕ್ಕೆ ಸುಮಾರು 90 ಲಕ್ಷ ಜನ ರಾಜ್ಯದಿಂದ ರಾಜ್ಯಕ್ಕೆ ಹೋಗುತ್ತಾರೆ ಅಂತ ಅಂದಾಜು ಮಾಡಿದ್ದರು. ಜಾಣ ಉಪಾಯ ಅದು. ಆದರೆ ನಮ್ಮವರಲ್ಲಿ ಬಹಳ ಜನ ಯಾದಗಿರಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುತ್ತಾರೆ. ರಾಜ್ಯ ದಾಟುವುದೇ ಇಲ್ಲ. ಆ ಅಂದಾಜಿನೊಳಗೂ ಇವರು ಬರುವುದಿಲ್ಲ.

ನಾವು ಹೋದದ್ದು ಒಂದು ಸಣ್ಣ ಊರು, ಅದಕ್ಕೆ ಅಂಟಿಕೊಂಡಂತೆ ಒಂದು ತಾಂಡಾ. ಮೊದಲನೇ ಮನೆಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ ತೊಗರಿ ಹಸನು ಮಾಡುತ್ತಾ ಕೂತಿದ್ದರು. ಪಕ್ಕದಲ್ಲಿ ಮೂಗು ಸುರಿಸುತ್ತಾ ಒಂದು ಮಗು. ಸಂಶೋಧಕಿ ಟ್ಯಾಬ್ ತೆಗೆದು ಮೊದಲನೇ ಪ್ರಶ್ನೆ ಕೇಳಿದರು. "ಅಮ್ಮಾ, ನಿಮ್ಮ ಮನೆಯಲ್ಲಿ ಎಷ್ಟು ಜನ ಇದ್ದೀರಿ?"

ಅಜ್ಜಿ ತಲೆ ಎತ್ತಿ ಕೇಳಿದರು. "ಈಗ ಎಷ್ಟು ಮಂದಿ ಅಂತ ಹೇಳ್ಲೇನು, ಅಲಾಯಿ ಹಬ್ಬದಾಗ ಎಷ್ಟು ಮಂದಿ ಅಂತ ಹೇಳ್ಲೇನು?"

ಅಲಾಯಿ ಹಬ್ಬ ಅಂದರೆ ಮೊಹರಂ. ಸಂಶೋಧಕಿ ಒಂದು ಗಳಿಗೆ ಸುಮ್ಮನಾದರು. ಆಮೇಲೆ ಟ್ಯಾಬನ್ನು ಚೀಲಕ್ಕೆ ಹಾಕಿ ನೋಟ್‌ಬುಕ್ ತೆಗೆದು ಎರಡು ಕಾಲಂ ಹಾಕಿದರು. ಈಗ ಇಲ್ಲಿ ಉಣ್ಣುವವರು, ಅಲಾಯಿ ಹಬ್ಬಕ್ಕೆ ಇಲ್ಲಿ ಉಣ್ಣುವವರು. ಒಂದೇ ಅಡುಗೆಯಲ್ಲಿ ಉಣ್ಣುವವರೇ ಒಂದು ಕುಟುಂಬ ಅಂತ ಸಮೀಕ್ಷೆಗಳಲ್ಲಿ ಹಿಡಿಯುತ್ತಾರೆ. ನಾನೂ ಅದನ್ನೇ ಪಾಠ ಮಾಡಿದ್ದೇನೆ. ಈ ಮನೆಯ ಒಲೆ ಒಂದು ಇಲ್ಲಿ ಉರಿಯುತ್ತದೆ, ಇನ್ನೊಂದು ಬೆಂಗಳೂರಿನ ಶೆಡ್ಡಿನ ಮುಂದೆ ಮೂರು ಇಟ್ಟಿಗೆಯ ಮೇಲೆ ಉರಿಯುತ್ತದೆ. ಜೋಳ ಇಲ್ಲಿಂದ ಹೋಗುತ್ತದೆ. ರೇಷನ್ ಅಕ್ಕಿಯನ್ನೂ ಅಜ್ಜಿ ಹೆಬ್ಬೆಟ್ಟು ಕೊಟ್ಟು ತಂದು, ಅರ್ಧ ಇಟ್ಟುಕೊಂಡು ಅರ್ಧ ಬಸ್ಸಿಗೆ ಹಾಕುತ್ತಾರೆ. ಅಲ್ಲಿಂದ ರೊಕ್ಕ ಬರುತ್ತದೆ. ಇದು ಒಂದೇ ಸಂಸಾರ ಅಂತ ಅಜ್ಜಿಗೆ ಚೆನ್ನಾಗಿ ಗೊತ್ತು.

ಮೊದಲ ಕಾಲಂನಲ್ಲಿ ಅಜ್ಜಿ ಮತ್ತು ಮೂರು ಮೊಮ್ಮಕ್ಕಳು. ಎರಡನೆಯದರಲ್ಲಿ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು, ಇನ್ನೆರಡು ಮಕ್ಕಳು ಸೇರಿದರು. ಆ ಎರಡು ಮಕ್ಕಳಲ್ಲಿ ದೊಡ್ಡವಳಿಗೆ ಶಾಲೆಯ ವಯಸ್ಸು, ಆದರೂ ಕರೆದುಕೊಂಡು ಹೋಗಿದ್ದರು. ಯಾಕೆ ಅಂತ ಕೇಳಿದಾಗ ಅಜ್ಜಿ ಹೇಳಿದರು. "ಸಣ್ಣ ಕೂಸು ಅದಲಾ ಯವ್ವಾ. ಅವ್ವ ಇಟ್ಟಂಗಿ ಹೊತ್ತರ ಕೂಸಿನ ಯಾರು ನೋಡ್ಬೇಕು?"

ಯಾಕೆ ಹೋಗುತ್ತಾರೆ ಅನ್ನುವ ಪ್ರಶ್ನೆಗೆ ಹೊರಗಿನವರು ಕೊಡುವ ಉತ್ತರ ಒಂದೇ, ಬರ. ಅದು ಅರ್ಧ ಸತ್ಯ. ಆ ವರ್ಷ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 349 ರೂಪಾಯಿ. ಗಂಡಸಿಗೂ ಅಷ್ಟೇ, ಹೆಂಗಸಿಗೂ ಅಷ್ಟೇ. ಕೆಟ್ಟ ಕೂಲಿ ಏನಲ್ಲ. ಆದರೆ ಆಗ ಅದು ಮನೆಗೆ ವರ್ಷಕ್ಕೆ 100 ದಿನ, ಅದೂ ಕೆಲಸ ಸಿಕ್ಕರೆ. ಮಗಳ ಮದುವೆಗೆ, ಆಸ್ಪತ್ರೆಗೆ, ಕೆಟ್ಟುಹೋದ ಬೋರ್‌ವೆಲ್ಲಿನ ಸಾಲಕ್ಕೆ ಒಂದೇ ಸಲ ದೊಡ್ಡ ಮೊತ್ತ ಬೇಕು. ಅದನ್ನು ಕೊಡುವವನು ಕೂಲಿಗೆ ಜನರನ್ನು ಕರೆದೊಯ್ಯುವ ಮೇಸ್ತ್ರಿ. ಮುಂಗಡ ಕೈಗೆ ಬಂದ ಮೇಲೆ ಹೋಗಲೇಬೇಕು. ಅಜ್ಜಿಯ ದೊಡ್ಡ ಮಗ ಹೋದದ್ದು ಹಾಗೆ.

ಮಧ್ಯಾಹ್ನ ಶಾಲೆಗೆ ಹೋದೆವು. ಆ ದಿನದ ಅತ್ಯಂತ ಬೆಲೆಬಾಳುವ ಗಳಿಗೆ ಅದು ಅಂತ ಈಗಲೂ ಅನಿಸುತ್ತದೆ. ಹೆಡ್‌ಮಾಸ್ಟರು ಬಿಸಿಯೂಟ ಮುಗಿಸಿ ಕೂತಿದ್ದರು. ಸಂಶೋಧಕಿ ಅವರ ಹತ್ತಿರ ಪ್ರಶ್ನೆ ಕೇಳಲಿಲ್ಲ. ಹಾಜರಿ ಪುಸ್ತಕ ನೋಡಬಹುದೇ ಅಂದರು. ಮೂರು ವರ್ಷದ ಪುಸ್ತಕಗಳು ಬೀರುವಿನಿಂದ ಹೊರಗೆ ಬಂದವು. ಜೂನ್, ಜುಲೈ, ಆಗಸ್ಟ್‌ನಲ್ಲಿ ಸಾಲು ತುಂಬಾ ಹಾಜರಿ. ನವೆಂಬರ್ ದಾಟುತ್ತಿದ್ದಂತೆ ಕೆಲವು ಹೆಸರುಗಳ ಮುಂದೆ ಕೆಂಪು ಗುರುತು ಶುರು. ಜನವರಿ ಕೊನೆಗೆ ಅರ್ಧ ಪುಟ ಕೆಂಪು. ಮುಂದಿನ ಜೂನ್‌ನಲ್ಲಿ ಅವೇ ಹೆಸರು ಮತ್ತೆ ಹಾಜರಿ. ಯಾವ ಮನೆ ಯಾವ ವಾರ ಹೊರಟಿತು, ಯಾವ ವರ್ಷ ಜಾಸ್ತಿ ಜನ ಹೋದರು, ಯಾರು ವಾಪಸ್ ಬರಲಿಲ್ಲ, ಎಲ್ಲವೂ ಅದರಲ್ಲಿದೆ. ಯಾವುದೋ ದಿಲ್ಲಿಯ ಸಮೀಕ್ಷೆ ಹಿಡಿಯಲಾಗದ್ದನ್ನು ಒಬ್ಬ ಮೇಷ್ಟ್ರು ದಿನಾ ಬೆಳಿಗ್ಗೆ ಪೆನ್ನು ಹಿಡಿದು ಬರೆದಿಟ್ಟಿದ್ದರು.

ಹೆಡ್‌ಮಾಸ್ಟರು ಇನ್ನೊಂದು ಮಾತು ಹೇಳಿದರು. ಹೋಗುವಾಗ ಯಾರೂ ಟಿ.ಸಿ. ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಹೆಸರು ಇಲ್ಲೇ ಉಳಿಯುತ್ತದೆ. ಇಲ್ಲಿ ಹೆಸರಿದೆ, ಮಗು ಇಲ್ಲ. ಬೆಂಗಳೂರಿನಲ್ಲಿ ಮಗು ಇದೆ, ಹೆಸರಿಲ್ಲ. ಶಾಲೆ ಬಿಟ್ಟವರ ಪಟ್ಟಿಯಲ್ಲೂ ಅದು ಸೇರುವುದಿಲ್ಲ. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಮೂರು ವರ್ಷದಿಂದ ಭಾಗಾಕಾರ ಕಲಿಸುವ ತಿಂಗಳಲ್ಲಿ ಊರಲ್ಲೇ ಇರಲಿಲ್ಲವಂತೆ. ಅವನು ದಡ್ಡ ಅಂತ ಎಲ್ಲರೂ ತಿಳಿದಿದ್ದರು. ಮೇಷ್ಟ್ರು ಇದನ್ನು ಹೇಳುವಾಗ ಅವರ ದನಿ ಗಟ್ಟಿಯಾಯಿತು. ನನಗೂ ಹೊಟ್ಟೆಯೊಳಗೆ ಸಂಕಟವಾಯಿತು.

ಅಂಗನವಾಡಿಯಲ್ಲಿ ಮೊಟ್ಟೆಯ ಲೆಕ್ಕ ನೋಡಿದೆವು. ಅದೇ ಕಥೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಮಾತ್ರ ಹೊಸದೊಂದು ವಿಷಯ ಸಿಕ್ಕಿತು. ಮಕ್ಕಳು ಬೆಂಗಳೂರಿನಿಂದ ಅಂಗಡಿಯವನ ಫೋನ್‌ಪೇಗೆ ದುಡ್ಡು ಹಾಕುತ್ತಾರೆ. ಅವನು ಅದರಲ್ಲಿ ಅಜ್ಜಿಯ ಉದ್ರಿ ಮುರಿದುಕೊಂಡು ಉಳಿದದ್ದನ್ನು ನಗದು ಕೊಡುತ್ತಾನೆ. ವೃದ್ಧಾಪ್ಯದ ಪಿಂಚಣಿ, ಗೃಹಲಕ್ಷ್ಮಿಯ 2000 ರೂಪಾಯಿ ಅಜ್ಜಿಯ ಖಾತೆಗೇ ಬರುತ್ತವೆ, ಆದರೆ ಬ್ಯಾಂಕು ದೂರ, ಮೊಣಕಾಲು ನೋವು. ಮಗುವಿಗೆ ರಾತ್ರಿ ಜ್ವರ ಬಂದರೆ ಗಾಡಿ ಇರುವವನೂ ಅಂಗಡಿಯವನೇ. ಗುಳೆಯ ಊರಿನಲ್ಲಿ ಅವನು ಎಷ್ಟು ದೊಡ್ಡ ಆಸರೆ ಅನ್ನುವುದು ಅವತ್ತು ಗೊತ್ತಾಯಿತು. ಅವನ ಮಾತಿಗೆ ಮನೆಗಳಲ್ಲಿ ಎಷ್ಟು ತೂಕ ಬಂದಿದೆ ಅನ್ನುವುದೂ ಗೊತ್ತಾಯಿತು.

ಇಂಥ ಸಂಶೋಧನೆಗೆ ದಾರಿ ಹಾಕಿದವರು ಇದ್ದಾರೆ. ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ 1960ರ ದಶಕದಿಂದ ದಕ್ಷಿಣ ಗುಜರಾತಿನ ಕೂಲಿಕಾರರ ಊರುಗಳಿಗೆ ಮತ್ತೆ ಮತ್ತೆ ಹೋಗಿ ಬರೆದರು. ಕೇರಳದಲ್ಲಿ ಕೆ.ಸಿ. ಜಕರಿಯಾ ಮತ್ತು ಎಸ್. ಇರುದಯ ರಾಜನ್ 1998ರಲ್ಲಿ ಕೇರಳ ವಲಸೆ ಸಮೀಕ್ಷೆ ಶುರು ಮಾಡಿದರು. ಕೊಲ್ಲಿ ದೇಶಗಳಿಗೆ ಹೋದವರನ್ನು ಹುಡುಕಿಕೊಂಡು ಹೋಗುವ ಬದಲು ಅವರ ಮನೆಗಳಿಗೇ ಹೋಗಿ ಕೇಳಿದರು. ಎಷ್ಟು ಜನ ಹೋದರು, ಎಷ್ಟು ದುಡ್ಡು ಬಂತು, ಹಿಂದೆ ಉಳಿದ ಹೆಂಡತಿ, ಅಪ್ಪ ಅಮ್ಮ ಹೇಗಿದ್ದಾರೆ ಅನ್ನುವುದನ್ನು ಕೆಲವು ವರ್ಷಕ್ಕೊಮ್ಮೆ ಮತ್ತೆ ಕೇಳುತ್ತಾ ಬಂದರು. 2023ರಲ್ಲೂ ಆ ಸಮೀಕ್ಷೆ ನಡೆಯಿತು. ನಮ್ಮ ಕಲ್ಯಾಣ ಕರ್ನಾಟಕದ ಗುಳೆಗೆ ಇಂಥದ್ದೊಂದು ಬೇಕೇ ಬೇಕು. ವಿಮಾನ ಹತ್ತಿದವರಷ್ಟೇ ಮುಖ್ಯ ಕೆಂಪು ಬಸ್ಸು ಹತ್ತಿದವರು.

ಸಂಜೆ ಹೆಂಗಸರು ಸೇರಿದರು. ಅಜ್ಜಿಯೇ ಎಲ್ಲರನ್ನೂ ಕರೆದಿದ್ದರು. ಒಬ್ಬ ನಡುವಯಸ್ಸಿನವಳು ನೇರವಾಗಿ ಕೇಳಿದಳು. "ಹೋದ ಸಲಾನೂ ಯಾರೋ ಬರ್ಕೊಂಡು ಹೋದ್ರಿ. ನೀವು ಬರ್ಕೊಂಡು ಹೋಗಿ ಏನ್ ಮಾಡ್ತೀರಿ ಅಕ್ಕೋರ?"

ಸಂಶೋಧಕಿ ಏನನ್ನೂ ಮುಚ್ಚಿಡಲಿಲ್ಲ. ಸರ್ಕಾರದ ಕೆಲಸ ಕೊಡಿಸುವ ಅಧಿಕಾರ ನನಗಿಲ್ಲ, ಮನೆ ಮಂಜೂರು ಮಾಡಿಸಲೂ ಆಗುವುದಿಲ್ಲ ಅಂದರು. "ನಾನು ಬರೆದದ್ದನ್ನು ಬೇರೆಯವರಿಗೆ ಓದಿಸುವ ಮೊದಲು ಇಲ್ಲಿಗೆ ತಂದು ನಿಮಗೆ ಓದಿ ಹೇಳುತ್ತೇನೆ. ತಪ್ಪಿದ್ದರೆ ನೀವು ತಿದ್ದಬೇಕು" ಅಂದರು. ನಾನು ಅದನ್ನು ನಮ್ಮ ಮಾತಿನಲ್ಲಿ ಮತ್ತೆ ಹೇಳಿದೆ. ಆ ಹೆಂಗಸು ತಲೆಯಾಡಿಸಿದಳು, ನಂಬಿದ ಹಾಗೆ ಕಾಣಲಿಲ್ಲ.

ಅವರು ಬಂದರು. ಜುಲೈ ಮೊದಲ ವಾರ, ಅಲಾಯಿ ಹಬ್ಬಕ್ಕೆ. ಯಾವಾಗ ಬಂದರೆ ಊರು ತುಂಬಿರುತ್ತದೆ ಅನ್ನುವುದನ್ನು ಅಜ್ಜಿಯ ಮಾತಿನಿಂದಲೇ ತಿಳಿದುಕೊಂಡಿದ್ದರು. ನಮ್ಮ ಕಡೆ ಮೊಹರಂ ಅಂದರೆ ಎಲ್ಲ ಜಾತಿಯವರ ಹಬ್ಬ, ದುಡಿಯಲು ಹೋದವರು ಎಷ್ಟೇ ಕಷ್ಟವಾದರೂ ಬರುತ್ತಾರೆ. ಕಟ್ಟೆಯ ಮೇಲೆ ಕೂತು ಅವರು ಬರೆದದ್ದನ್ನು ಓದಿದರು, ನಾನು ನಡುನಡುವೆ ಬಿಡಿಸಿ ಹೇಳಿದೆ.

ಅಜ್ಜಿಯ ಭಾಗ ಮುಗಿಯುತ್ತಿದ್ದಂತೆ ಅವರ ಚಿಕ್ಕ ಮಗ ಎದ್ದು ನಿಂತ. "ಬರೇ ಅಳೋದೇ ಬರ್ದೀರಿ ಮೇಡಮ್ಮಾರ. ನಮ್ಮಪ್ಪ ಇದೇ ಊರಾಗ ದೊಡ್ಡೋರ ಮನಿ ಹೊಲದಾಗ ವರ್ಷಗಟ್ಲೆ ದುಡದಾನ. ಅವರು ಕರದ್ರ ಓಡಬೇಕಿತ್ತು. ನಾನು ಯಾರ ಮುಂದೂ ಹಂಗ ನಿಂದ್ರಲ್ಲ. ಬೆಂಗ್ಳೂರು ರೊಕ್ಕದಿಂದ ಸಾಲ ಹರದೀನಿ, ಈ ಎರಡು ಖೋಲಿ ಕಟ್ಟೀನಿ. ಅದನ್ನೂ ಬರೀರಿ."

ಹತ್ತಾರು ಜನ ಹೌದು ಹೌದು ಅಂದರು. ಸಂಶೋಧಕಿ ಅದನ್ನು ಅವನ ಮಾತಿನಲ್ಲೇ ಬರೆದುಕೊಂಡರು. ವಲಸೆಯನ್ನು ಬರೀ ಸಂಕಟ ಅಂತ ನೋಡುವವರಿಗೆ ಈ ಮಾತು ಕೇಳಿಸಬೇಕು. ಹೊಟ್ಟೆಪಾಡಿಗೆ ಹೋದವರು ಊರಿನ ಹಳೇ ದರ್ಪದಿಂದಲೂ ತಪ್ಪಿಸಿಕೊಂಡಿದ್ದಾರೆ.

ಅಷ್ಟರಲ್ಲಿ ಅವನ ಹೆಂಡತಿ ಒಳಗಿನಿಂದಲೇ ಗಟ್ಟಿಯಾಗಿ ಅಂದಳು. "ನನ್ನ ಪಗಾರನೂ ಇವರ ಕೈಗೇ ಕೊಡ್ತಾನ ಮೇಸ್ತ್ರಿ. ಅದನ್ನೂ ಬರ್ಕೋರಿ!" ಹೆಂಗಸರೆಲ್ಲ ಜೋರಾಗಿ ಮಾತಾಡಲು ಶುರು ಮಾಡಿದರು. ಶೆಡ್ಡಿನಲ್ಲಿ ಬಚ್ಚಲು ಇಲ್ಲದ್ದು, ಕತ್ತಲಾಗುವವರೆಗೂ ಕಾಯಬೇಕಾದ್ದು, ಕೂಸನ್ನು ಮರಳಿನ ರಾಶಿಯ ಪಕ್ಕ ಮಲಗಿಸಬೇಕಾದ್ದು. ಫೆಬ್ರವರಿಯಲ್ಲಿ ಊರಲ್ಲಿ ಇರದವರು ಈಗ ಹೇಳುತ್ತಿದ್ದರು. ಎರಡು ಸಲ ಬರದಿದ್ದರೆ ಅರ್ಧ ಊರನ್ನಷ್ಟೇ ಕೇಳಿದಂತಾಗುತ್ತಿತ್ತು.

ಕೊನೆಗೆ ಎಲ್ಲರೂ ಸೇರಿ ಒಂದು ಬೇಡಿಕೆ ಬರೆಸಿದರು. ಅಪ್ಪ ಅಮ್ಮ ದುಡಿಯಲು ಹೋದಾಗ ಮಕ್ಕಳು ಊರಿನ ಶಾಲೆಯಲ್ಲೇ ಉಳಿಯಲು ಒಂದು ಹಾಸ್ಟೆಲ್ ಬೇಕು. ಅದು ದೀಪಾವಳಿಗೇ ಬಾಗಿಲು ತೆರೆಯಬೇಕು, ಜನ ಹೊರಟ ಮೇಲೆ ತೆರೆದರೆ ಪ್ರಯೋಜನ ಇಲ್ಲ. ಯಾವ ತಿಂಗಳಿಗೆ ಎಷ್ಟು ಮಕ್ಕಳು ಅನ್ನುವುದಕ್ಕೆ ಹಾಜರಿ ಪುಸ್ತಕದ ಮೂರು ವರ್ಷದ ಲೆಕ್ಕವನ್ನು, ಮಕ್ಕಳ ಹೆಸರು ತೆಗೆದು, ಜೊತೆಗೆ ಲಗತ್ತಿಸಿದೆವು. ಅರ್ಜಿ ಪಂಚಾಯಿತಿಗೆ ಹೋಯಿತು, ಅಲ್ಲಿಂದ ತಾಲ್ಲೂಕಿಗೆ.

2011ರಂತೆ 2027ರ ಜನಗಣತಿಗೂ ಮಾರ್ಚ್ 1ನ್ನೇ ಲೆಕ್ಕದ ದಿನವಾಗಿ ಗೊತ್ತುಮಾಡಿದ್ದಾರೆ. ಆ ಹೊತ್ತಿಗೆ ನಮ್ಮ ಊರುಗಳು ಹೇಗಿರುತ್ತವೆ ಅಂತ ಈಗ ನನ್ನ ವಿದ್ಯಾರ್ಥಿಗಳಿಗೆ ಗೊತ್ತಿದೆ. ಪ್ರಾಜೆಕ್ಟ್ ಅಂತ ಅವರು ತಮ್ಮ ತಮ್ಮ ಊರಿನ ಶಾಲೆಗೆ ಹೋಗಿ, ಹೆಡ್‌ಮಾಸ್ಟರ ಒಪ್ಪಿಗೆ ಕೇಳಿ, ತಿಂಗಳವಾರು ಹಾಜರಿ ಎಣಿಸಿಕೊಂಡು ಬರುತ್ತಿದ್ದಾರೆ. ಅದರಲ್ಲಿ ಒಬ್ಬ ಹುಡುಗನಿಗೆ ಹಳೇ ಪುಸ್ತಕದಲ್ಲಿ ತನ್ನದೇ ಹೆಸರು ಸಿಕ್ಕಿತು. ಐದನೇ ಕ್ಲಾಸಿನ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಗೈರು. ಅದನ್ನೂ ಎಣಿಸಿ ಬರೆದುಕೊಂಡು ಬಂದ.